ರಕ್ತದ ಒತ್ತಡ: ಅಳೆದವರು, ಇಳಿಸಿದವರು

'ಅವರಿಗೆ ಬಿ.ಪಿ. ಇದೆಯಂತೆ' ಎಂಬ ಮಾತನ್ನು ನೀವು ದಿನವೂ ಕೇಳುತ್ತೀರಿ. ಹಾಗೆ ನೋಡಿದರೆ ಬಿ.ಪಿ. ಇಲ್ಲದವರು ಯಾರು? ರಕ್ತಕ್ಕೆ ಒತ್ತಡವೇ ಇಲ್ಲದಿದ್ದರೆ ಅದು ಎದೆಯಿಂದ ನೆತ್ತಿಗೆ ಏರುವುದೆಂತು? ಬದುಕಿರುವ ಪ್ರತಿಯೊಬ್ಬರಿಗೂ ಅದು ಇರಲೇಬೇಕು. ಮಿತಿಮೀರಿದಾಗ ಮಾತ್ರ ಕಾಯಿಲೆ. ಆದರೆ ಈ ಕಾಯಿಲೆಯ ಸ್ವಭಾವವೇ ವಿಚಿತ್ರ. ಜ್ವರ ಬಂದರೆ ಮೈ ಸುಡುತ್ತದೆ, ಹಲ್ಲು ಕೆಟ್ಟರೆ ನೋಯುತ್ತದೆ. ಒತ್ತಡ ಹೆಚ್ಚಾದರೆ ಬಹುಮಂದಿಗೆ ಏನೂ ತೋರುವುದಿಲ್ಲ; ವರ್ಷಗಟ್ಟಲೆ ಉಂಡು, ನಿದ್ರಿಸಿ, ಕಚೇರಿಗೆ ಹೋಗಿಬರುತ್ತಾರೆ. ಅಳತೆ ಮಾಡಿದ ಹೊರತು ಅದು ಕಾಣುವಂತಿಲ್ಲ. ಅಳೆಯುವುದನ್ನು ಮನುಷ್ಯ ಕಲಿತದ್ದು ಹೇಗೆ, ಅಳೆದು ಕಂಡಮೇಲೂ ಇಳಿಸಬೇಕೆಂದು ವೈದ್ಯರಿಗೆ ತೋರುವುದಕ್ಕೆ ಅಷ್ಟು ಕಾಲ ಹಿಡಿದದ್ದೇಕೆ ಎಂಬುದು ನೀವು ತಿಳಿಯಬೇಕಾದ ಕಥೆ.

ಮೊದಲು ಅಳೆದವನು ವೈದ್ಯನಲ್ಲ, ಪಾದ್ರಿ. ಲಂಡನ್ನಿನ ಸಮೀಪದ ಟೆಡಿಂಗ್ಟನ್ ಎಂಬ ಊರಿನ ಸ್ಟೀಫನ್ ಹೇಲ್ಸ್ ಗಿಡಮರಗಳಲ್ಲಿ ರಸವೇರುವ ಬಲವನ್ನು ಅಳೆದಿದ್ದವನು. ಅದೇ ಕುತೂಹಲದಿಂದ, ಇನ್ನು ಕೆಲಸಕ್ಕೆ ಬಾರದೆಂದು ಕೊಲ್ಲಬೇಕಾಗಿದ್ದ ಹೆಣ್ಣು ಕುದುರೆಯೊಂದನ್ನು ಕೆಡವಿ ಕಟ್ಟಿಸಿ, ಅದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನು ತೂರಿಸಿದ. ಅದಕ್ಕೆ 9 ಅಡಿ ಉದ್ದದ ಗಾಜಿನ ನಳಿಗೆಯನ್ನು ಜೋಡಿಸಿದ. ರಕ್ತ ನಳಿಗೆಯಲ್ಲಿ 8 ಅಡಿ 3 ಅಂಗುಲದವರೆಗೆ ಏರಿ ನಿಂತು, ಹೃದಯ ಬಡಿದಂತೆಲ್ಲ ಮೇಲಕ್ಕೂ ಕೆಳಕ್ಕೂ ಆಡಿತು. 1733ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಇದೆಲ್ಲದರ ವಿವರವಿದೆ. ಪಾಪ, ಆ ಕುದುರೆ ಸತ್ತಿತು. ಅದಕ್ಕೆ ನಾವೆಲ್ಲ ಋಣಿಗಳು.

ಆದರೆ ರೋಗಿಯ ತೊಡೆ ಸೀಳಿ 9 ಅಡಿ ಗಾಜು ನಿಲ್ಲಿಸುವುದು ಸಾಧ್ಯವೆ? 1828ರಲ್ಲಿ ಫ್ರಾನ್ಸಿನ ಪ್ವಾಸೈ ಗಾಜಿನ ಉದ್ದವನ್ನು ಕುಗ್ಗಿಸಿದ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಕುದುರೆಯ 8 ಅಡಿ ರಕ್ತಕ್ಕೆ ಏಳೂವರೆ ಅಂಗುಲ ಪಾದರಸ ಸಮವಾಗುತ್ತದೆ. ಇಂದು ಪಾದರಸದ ಉಪಕರಣ ಬಹಳ ಕಡೆ ಮರೆಯಾಗುತ್ತಿದ್ದರೂ ಲೆಕ್ಕ ಮಾತ್ರ ಪಾದರಸದ ಮಿಲಿಮೀಟರಿನದೇ. ಚರ್ಮ ಕೊಯ್ಯದೆ ಅಳೆಯುವ ಸುಲಭೋಪಾಯವನ್ನು 1896ರಲ್ಲಿ ಇಟಲಿಯ ಟ್ಯೂರಿನ್ ನಗರದ ರೀವಾ ರೋಚಿ ತೋರಿಸಿಕೊಟ್ಟ. ಬೈಸಿಕಲ್ಲಿನ ಒಳಟ್ಯೂಬನ್ನು ತೋಳಿಗೆ ಸುತ್ತಿ ಗಾಳಿ ತುಂಬಿ, ಮಣಿಕಟ್ಟಿನ ನಾಡಿ ಎಲ್ಲಿ ಅಡಗುತ್ತದೆಂದು ನೋಡುವುದು, ಇಷ್ಟೇ. ಇದರಿಂದ ಮೇಲಿನ ಅಂಕಿಯೊಂದು ಮಾತ್ರ ದೊರೆಯುತ್ತಿತ್ತು.

ಕೆಳಗಿನ ಅಂಕಿಯನ್ನು ಸುಲಭವಾಗಿಸಿದವನು ರಷ್ಯದ ಸೈನ್ಯವೈದ್ಯ ನಿಕೊಲಾಯ್ ಕೊರೊಟ್ಕಾಫ್. ಯುದ್ಧದಲ್ಲಿ ಗಾಯಗೊಂಡವರ ರಕ್ತನಾಳಗಳ ಮೇಲೆ ಕಿವಿಯಿಟ್ಟು ಅಭ್ಯಾಸವಿದ್ದ ಅವನು, ಪಟ್ಟಿಯ ಕೆಳಗೆ ಮೊಣಕೈ ಮಡಿಕೆಯಲ್ಲಿ ಶ್ರವಣನಳಿಕೆಯನ್ನು ಇಟ್ಟು ಆಲಿಸಿದ. ಗಾಳಿ ಬಿಡುತ್ತ ಬಂದಂತೆ ಮೊದಲು 'ಟಕ್' ಎಂದು ಕೇಳಿಸುವಾಗಿನ ಅಂಕಿ ಹೃದಯ ಮುದುಡಿದಾಗಿನ ಒತ್ತಡ. ಸದ್ದು ಪೂರ್ತಿ ಅಡಗುವಾಗಿನದು ಹೃದಯ ಅರಳಿ ವಿರಮಿಸಿದಾಗಿನ ಒತ್ತಡ. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯರ ಮುಂದೆ ಅವನಿಟ್ಟ ವರದಿ ಒಂದು ಪುಟವನ್ನೂ ತುಂಬಲಿಲ್ಲ. ದೊಡ್ಡ ದೊಡ್ಡ ಪ್ರಬಂಧಗಳನ್ನು ಬರೆಯುವವರು ಇದನ್ನು ನೆನೆಯಬಹುದು.

ಅಳತೆಯೇನೋ ಕೈಗೆ ಬಂತು. ಅಂಕಿಯ ಅರ್ಥವನ್ನು ಮೊದಲು ಗ್ರಹಿಸಿದವರು ಯಾರು ಗೊತ್ತೆ? ಜೀವವಿಮೆಯ ಕಂಪನಿಗಳು! ಒತ್ತಡ ಹೆಚ್ಚಿದವರು ಬೇಗ ಸಾಯುತ್ತಾರೆಂಬುದು ಅಮೆರಿಕದ ವಿಮಾ ಲೆಕ್ಕಿಗರಿಗೆ 20ನೆಯ ಶತಮಾನದ ಮೊದಲ ಕೆಲವು ದಶಕಗಳಲ್ಲೇ ತಿಳಿದುಹೋಯಿತು. ವೈದ್ಯರಲ್ಲಿ ಅನೇಕರು ಮಾತ್ರ ಬೇರೆಯೇ ವಾದ ಹೂಡಿದರು. ವಯಸ್ಸಾದಂತೆ ನಾಳಗಳು ಗಡುಸಾಗಿ ಕಿರಿದಾಗುತ್ತವೆ. ಅವುಗಳ ಮೂಲಕ ಮೆದುಳಿಗೂ ಮೂತ್ರಪಿಂಡಕ್ಕೂ ರಕ್ತ ತಲುಪಬೇಕಾದರೆ ಒತ್ತಡ ಹೆಚ್ಚಲೇಬೇಕು. ಅದನ್ನು ಇಳಿಸಿದರೆ ಅಪಾಯ, ಎಂದು. ಕಾರಣ ತಿಳಿಯದ ಏರೊತ್ತಡಕ್ಕೆ ಇಟ್ಟ ವೈದ್ಯಕೀಯ ಹೆಸರಿನಲ್ಲೇ 'ಅವಶ್ಯಕ' ಎಂಬ ಅರ್ಥವೂ ಹೊರಡುವಂಥ ಪದವೊಂದು ಸೇರಿಕೊಂಡಿತ್ತು. ಒಂದು ಪದ ಎಷ್ಟು ಕೆಲಸ ಕೆಡಿಸಬಲ್ಲದು ನೋಡಿ!

ಇದರ ಫಲವನ್ನು ಉಂಡವರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರೂ ಒಬ್ಬರು. ಅವರ ಅಂಕಿಗಳನ್ನು ಸಾಲಾಗಿ ಓದಿದರೆ ಮೈ ಜುಮ್ಮೆನ್ನುತ್ತದೆ. 1935ರಲ್ಲಿ 136/78, 1937ರಲ್ಲಿ 162/98, 1941ರಲ್ಲಿ 188/105. ಅವರ ಖಾಸಾ ವೈದ್ಯ ಅಡ್ಮಿರಲ್ ಮೆಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞರು. ಹೃದಯತಜ್ಞ ಹೋವರ್ಡ್ ಬ್ರೂಯೆನ್ ಅಧ್ಯಕ್ಷರನ್ನು ಮೊದಲ ಬಾರಿ ಪರೀಕ್ಷಿಸಿದ್ದು 1944ರ ಮಾರ್ಚಿಯಲ್ಲಿ. ಆ ವೇಳೆಗೆ ಹೃದಯ ಹಿಗ್ಗಿತ್ತು, ಉಸಿರು ಸೋಲುತ್ತಿತ್ತು. ಬ್ರೂಯೆನ್ನರ ಕೈಯಲ್ಲಿ ಇದ್ದುದಾದರೂ ಏನು? ಸೋಲುವ ಹೃದಯಕ್ಕೆ ಡಿಜಿಟಾಲಿಸ್, ಉಪ್ಪು ಕಡಿಮೆಯ ಊಟ, ವಿಶ್ರಾಂತಿ, ಸಿಗರೇಟು ಮಿತಗೊಳಿಸುವುದು, ಮನಸ್ಸು ತಣಿಸುವ ಮಾತ್ರೆ. ಒತ್ತಡವನ್ನೇ ಹಿಡಿದು ಇಳಿಸುವ ಔಷಧ ಅವರಿಗೆ ದೊರಕುವಂತಿರಲಿಲ್ಲ. ರೂಸ್‌ವೆಲ್ಟರೋ, ಅಂಕಿ ಎಷ್ಟೆಂದು ಒಂದು ಸಲವೂ ಕೇಳಿದವರಲ್ಲ! ಅದೇ ವರ್ಷ ನಾಲ್ಕನೆಯ ಚುನಾವಣೆಗೆ ನಿಂತು ಗೆದ್ದರು. 1945ರ ಫೆಬ್ರವರಿಯಲ್ಲಿ ಯಾಲ್ಟಾವರೆಗೆ ಪ್ರಯಾಣ ಮಾಡಿದರು. ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಚಿತ್ರಕಾರರೊಬ್ಬರು ಅವರ ಭಾವಚಿತ್ರ ಬರೆಯುತ್ತಿದ್ದಾಗ, ತಲೆಯ ಹಿಂಭಾಗದಲ್ಲಿ ಭಯಂಕರ ನೋವೆಂದು ಕುಸಿದರು. ಬ್ರೂಯೆನ್ ಓಡಿಬಂದು ಅಳೆದಾಗ ಮೇಲಿನ ಅಂಕಿ 300ನ್ನು ದಾಟಿತ್ತು, ಕೆಳಗಿನದು 190. ಕೆಲವೇ ಗಂಟೆಗಳಲ್ಲಿ ಎಲ್ಲವೂ ಮುಗಿಯಿತು. ಇದು ಯಾವ ಮುನ್ಸೂಚನೆಯೂ ಇಲ್ಲದೆ ಬಂದೆರಗಿತೆಂದು ಮೆಕಿಂಟೈರ್ ಲೋಕಕ್ಕೆ ತಿಳಿಸಿದರು.

ಅದೇ 1944ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವಾಲ್ಟರ್ ಕೆಂಪ್ನರ್ ಅನ್ನ, ಹಣ್ಣು, ಸಕ್ಕರೆಗಳ ಪಥ್ಯವೊಂದನ್ನು ಪ್ರಕಟಿಸಿದ್ದರು. ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಅಲ್ಪ. ಅದನ್ನು ತಿಂದವರಲ್ಲಿ ಹಲವರ ಒತ್ತಡ ನಿಜಕ್ಕೂ ಇಳಿಯಿತು. ಅಂಥ ಸಪ್ಪೆ ಊಟವನ್ನು ತಿಂಗಳುಗಟ್ಟಲೆ ಉಣ್ಣುವ ಧೈರ್ಯ ಎಷ್ಟು ಮಂದಿಗೆ ಉಂಟು? ಉಪ್ಪಿನ ಪಾಠವಂತೂ ಉಳಿಯಿತು. ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಮಟ್ಟಸವಾದ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಚಮಚದಲ್ಲಿ ಸಾರಿನ ಉಪ್ಪು ಮಾತ್ರವಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ತಿಂಡಿ, ಎಲ್ಲವೂ ಸೇರಬೇಕೆಂಬುದನ್ನು ಮನೆಯ ಗೃಹಿಣಿಯರೂ, ಎಲೆಯ ಮುಂದೆ ಕುಳಿತು ಇನ್ನೊಂದಿಷ್ಟು ಉಪ್ಪು ಕೇಳುವ ಯಜಮಾನರೂ ಗಮನಿಸಬೇಕು. ಹೊಟ್ಟೆಯ ಬೊಜ್ಜು, ಮದ್ಯ, ಕುಳಿತಲ್ಲೇ ಕುಳಿತಿರುವ ಅಭ್ಯಾಸ ಒತ್ತಡವನ್ನು ಏರಿಸುತ್ತವೆ. ದಿನವೂ ಬಿರುಸಾಗಿ ನಡೆಯುವುದು ಇಳಿಸುತ್ತದೆ. ಹೊಗೆಸೊಪ್ಪು ಅದೇ ನಾಳಗಳಿಗೆ ಇನ್ನೊಂದು ದಿಕ್ಕಿನಿಂದ ಕೊಡುವ ಪೆಟ್ಟು. ವಿಶ್ರಾಂತಿಯಲ್ಲಿ ಬೇರೆ ಬೇರೆ ದಿನ ಅಳೆದರೂ ಅಂಕಿ 140/90 ಅಥವಾ ಅದಕ್ಕಿಂತ ಹೆಚ್ಚೇ ಇದ್ದರೆ ವೈದ್ಯರ ಸಲಹೆ ತಪ್ಪಿಸಕೂಡದು.

ಇನ್ನು ಔಷಧದ ಮಾತು. ವಾಷಿಂಗ್ಟನ್ನಿನಲ್ಲಿ ಇಲ್ಲದ್ದು ಅಷ್ಟು ಹೊತ್ತಿಗೆ ಕಲ್ಕತ್ತೆಯಲ್ಲಿ ಇತ್ತು! ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧಿ ಎಂಬ ಕುರುಚಲು ಗಿಡದ ಬೇರನ್ನು ನಮ್ಮವರು ಹಾವಿನ ಕಡಿತಕ್ಕೂ ಚಿತ್ತಭ್ರಮೆಗೂ ಬಳಸುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸರು ಈ ಬೇರಿನ ಪುಡಿ ಉನ್ಮಾದವನ್ನಷ್ಟೇ ಅಲ್ಲ, ಏರಿದ ರಕ್ತದ ಒತ್ತಡವನ್ನೂ ತಗ್ಗಿಸುತ್ತದೆಂದು ಬರೆದರು. ಆ ಬರಹ ಹೊರದೇಶಗಳ ಕಣ್ಣಿಗೆ ಬೀಳಲಿಲ್ಲ. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ತಮ್ಮ 50 ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದಯವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆಯೇ ಪಶ್ಚಿಮ ಕಣ್ಣು ತೆರೆದದ್ದು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅದರ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಕೆಲವರ ಮನಸ್ಸು ಕುಗ್ಗುವುದೆಂದು ಕಂಡುಬಂದು, ಬೇರೆ ಮದ್ದುಗಳೂ ಬಂದು, ಇಂದು ಇದರ ಬಳಕೆ ಬಹಳ ಕಡಿಮೆಯಾಗಿದೆ. ಬೇರನ್ನು ಕಿತ್ತು ತಂದು ತಾವೇ ಅರೆದು ಕುಡಿಯುವ ಸಾಹಸ ಯಾರಿಗೂ ಬೇಡ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು: ಅಂಕಿ ಇಳಿದರೆ ಆಯುಸ್ಸು ಉಳಿಯುವುದೆ? ಎಡ್ವರ್ಡ್ ಫ್ರೈಸ್ ಎಂಬ ವೈದ್ಯರ ಮುಂದಾಳುತನದಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳು ಉತ್ತರ ಹುಡುಕಿದವು. ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಮಂದಿಯನ್ನು ಎರಡು ಪಾಲು ಮಾಡಿ, 73 ಜನರಿಗೆ ನಿಜವಾದ ಔಷಧವನ್ನೂ 70 ಜನರಿಗೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಮಾತ್ರೆಯನ್ನೂ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ನೋಡುವ ವೈದ್ಯನಿಗೂ ತಿಳಿಯದು. 1967ರಲ್ಲಿ ಫಲಿತಾಂಶ ಹೊರಬಿತ್ತು. ಸರಾಸರಿ ಎರಡು ವರ್ಷವೂ ತುಂಬುವ ಮುನ್ನವೇ, ಮದ್ದಿಲ್ಲದವರಲ್ಲಿ 27 ಮಂದಿಗೆ ಗಂಡಾಂತರ ಒದಗಿತ್ತು, 4 ಮಂದಿ ಸತ್ತಿದ್ದರು. ಔಷಧ ನುಂಗಿದವರಲ್ಲಿ ಗಂಡಾಂತರ 2, ಸಾವು ಒಂದೂ ಇಲ್ಲ. ಆ ಔಷಧದಲ್ಲಿ ಮೂರು ಮದ್ದುಗಳು ಕೂಡಿದ್ದವು; ಮೂರರಲ್ಲಿ ಒಂದು ಸರ್ಪಗಂಧಿಯ ರೆಸರ್ಪಿನ್.

1970ರಲ್ಲಿ ಅದೇ ತಂಡ, ಇನ್ನೂ ಕಡಿಮೆ ಒತ್ತಡದವರಿಗೂ ಚಿಕಿತ್ಸೆಯಿಂದ ಲಾಭವುಂಟೆಂದು ತೋರಿಸಿತು. ರೂಸ್‌ವೆಲ್ಟರ ಆಸ್ಪತ್ರೆಯ ಕಡತವೇನೋ ಅವರು ತೀರಿಕೊಂಡ ಮೇಲೆ ಕಾಣೆಯಾಗಿ, ಇಂದಿಗೂ ಸಿಕ್ಕಿಲ್ಲ. ಆದರೆ ಬ್ರೂಯೆನ್ ತಮ್ಮ ಟಿಪ್ಪಣಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅಧ್ಯಕ್ಷರು ತಾವಾಗಿ ಒಮ್ಮೆಯೂ ಕೇಳದಿದ್ದ ಆ ಅಂಕಿಗಳನ್ನು ಅವರು ವೈದ್ಯಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದು ಅದೇ 1970ರಲ್ಲಿ.