ಸರಳ ಪಠ್ಯದ ಸಾಧನಗಳು: ಅರುವತ್ತು ವರ್ಷಗಳ ಒಂದು ಸಮೀಕ್ಷೆ

ಗಣಕಯಂತ್ರವನ್ನು ಮುಂದಿಟ್ಟುಕೊಂಡು ದಿನವಿಡೀ ದುಡಿಯುವವರಿಗೆ ಉಪಾಯಗಳನ್ನು ಹೇಳಿಕೊಡುವ ಪರಿಪಾಟಿ ಗಣಕದಷ್ಟೇ ಹಳೆಯದು. ಯಾವ ಗುಂಡಿಯನ್ನೊತ್ತಿದರೆ ಯಾವ ಕಿಟಕಿ ತೆರೆಯುವುದು, ಯಾವ ಪಟ್ಟಿಯ ಯಾವ ಮೂಲೆಯಲ್ಲಿ ಯಾವ ಸೌಕರ್ಯವಿರುವುದು ಎಂಬಂಥ ಸೂಚನೆಗಳು ಆಯಾ ತಂತ್ರಾಂಶದ ಆಯುಷ್ಯವಿರುವಷ್ಟು ಕಾಲ ಬಾಳಿ, ಮುಂದಿನ ಆವೃತ್ತಿ ಬಂದೊಡನೆ ನಿರುಪಯುಕ್ತವಾಗುತ್ತವೆ. ಆದರೆ 1970ರ ದಶಕದಲ್ಲಿ ಬೆರಳೆಣಿಕೆಯ ಪ್ರೋಗ್ರಾಮರುಗಳು ತಮ್ಮ ನಿತ್ಯದ ಅಗತ್ಯಕ್ಕಾಗಿ ರೂಪಿಸಿಕೊಂಡ ಕೆಲವು ವಿಧಾನಗಳು, ಅವು ಹುಟ್ಟಿದ ಯಂತ್ರಗಳು ವಸ್ತುಸಂಗ್ರಹಾಲಯಗಳನ್ನು ಸೇರಿದ ಮೇಲೂ, ಅದೇ ಹೆಸರಿನಿಂದ, ಬಹುಮಟ್ಟಿಗೆ ಅದೇ ಸ್ವರೂಪದಿಂದ ಇಂದಿಗೂ ನಡೆದುಬರುತ್ತಿವೆ. ಈ ದೀರ್ಘಾಯುಷ್ಯಕ್ಕೆ ಕಾರಣ ಆ ಉಪಕರಣಗಳ ಚಾತುರ್ಯವಷ್ಟೇ ಅಲ್ಲ. ಸರಳ ಪಠ್ಯವನ್ನು ಅವೆಲ್ಲವೂ ತಮ್ಮ ಸಾಮಾನ್ಯ ಭಾಷೆಯಾಗಿ ಅಂಗೀಕರಿಸಿದುದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ. ಆ ಪಠ್ಯ ಕನ್ನಡದ್ದಾದಾಗ ಏನಾಗುವುದೆಂಬುದು ನಮ್ಮವರು ವಿಶೇಷವಾಗಿ ವಿಚಾರಿಸಬೇಕಾದ ಪ್ರಶ್ನೆ.

ಈ ಪರಂಪರೆಯ ಬೀಜವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ ಮೆಕಿಲ್ರಾಯ್ 1964ರ ಅಕ್ಟೋಬರಿನಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಕಾಣಬಹುದು. ತೋಟಕ್ಕೆ ನೀರುಣಿಸುವ ಕೊಳವೆಯ ತುಂಡುಗಳನ್ನು ಬೇಕಾದಂತೆ ಒಂದಕ್ಕೊಂದು ಜೋಡಿಸುವ ಹಾಗೆ, ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ಇನ್ನೊಂದು ಪ್ರೋಗ್ರಾಮಿನೊಳಕ್ಕೆ ಹರಿಸಲು ಸಾಧ್ಯವಾಗಬೇಕೆಂಬುದು ಅವರ ಅಪೇಕ್ಷೆಯಾಗಿದ್ದಿತು. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದೇ ಪ್ರಯೋಗಾಲಯದಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಮೆಕಿಲ್ರಾಯ್ ಅವರ ಒತ್ತಾಯಕ್ಕೆ ಮಣಿದು ಥಾಂಪ್ಸನ್ 1973ರಲ್ಲಿ ‘ಪೈಪ್’ ಎಂಬ ಸೌಕರ್ಯವನ್ನು ಅದರಲ್ಲಿ ಸೇರಿಸಿದರು. ಅಂದಿನಿಂದ ಪ್ರತಿಯೊಂದು ಸಣ್ಣ ಪ್ರೋಗ್ರಾಮೂ ತನ್ನ ಒಂದೇ ಕೆಲಸವನ್ನು ನೆಟ್ಟಗೆ ಮಾಡಿ, ಫಲವನ್ನು ಮುಂದಿನದಕ್ಕೆ ಒಪ್ಪಿಸಿದರೆ ಸಾಕೆಂಬ ಶಿಸ್ತು ನೆಲೆಗೊಂಡಿತು.

ಅದೇ ವರ್ಷದ ಯುನಿಕ್ಸ್ ಕೈಪಿಡಿಯಲ್ಲಿ ಕಾಣಿಸಿಕೊಂಡ ‘ಗ್ರೆಪ್’ ಎಂಬ ಹುಡುಕುವ ಉಪಕರಣದ ಜನನವೂ ಸ್ಮರಣೀಯವಾದುದು. ಗಣಿತಜ್ಞ ಕ್ಲೀನಿ 1950ರ ದಶಕದಲ್ಲಿ ನಿರೂಪಿಸಿದ್ದ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಕಲ್ಪನೆಯನ್ನು ಪಠ್ಯಶೋಧನೆಗೆ ಒಗ್ಗಿಸುವ ಕ್ರಮವನ್ನು ಥಾಂಪ್ಸನ್ 1968ರಲ್ಲಿ ಪ್ರಕಟಿಸಿ, ‘ಈಡಿ’ ಎಂಬ ತಮ್ಮ ಪಠ್ಯಸಂಪಾದಕದಲ್ಲಿ ಅಳವಡಿಸಿದ್ದರು. ಅವರ ಸಹೋದ್ಯೋಗಿ ಲೀ ಮೆಕ್‌ಮಹೋನ್ ಅವರಿಗೆ, ‘ಫೆಡರಲಿಸ್ಟ್’ ಪ್ರಬಂಧಗಳೆಂದು ಪ್ರಸಿದ್ಧವಾದ ಹದಿನೆಂಟನೆಯ ಶತಮಾನದ ಲೇಖನಗಳಲ್ಲಿ ಕರ್ತೃ ಯಾರೆಂಬುದು ವಿವಾದಾಸ್ಪದವಾಗಿದ್ದವನ್ನು, ಪದಪ್ರಯೋಗದ ಆಧಾರದಿಂದ ಪರೀಕ್ಷಿಸುವ ಆಸಕ್ತಿಯಿದ್ದಿತು. ಆ ಪಠ್ಯವಾದರೋ ಈಡಿಯ ಸ್ಮೃತಿಯಲ್ಲಿ ಹಿಡಿಸಲಾರದಷ್ಟು ದೊಡ್ಡದು. ಆಗ ಥಾಂಪ್ಸನ್, ಈಡಿಯೊಳಗಿದ್ದ ಶೋಧನಭಾಗವನ್ನಷ್ಟೇ ಬೇರ್ಪಡಿಸಿ, ಒಂದೊಂದೇ ಸಾಲನ್ನು ಓದಿ ಹೊಂದಿದ ಸಾಲನ್ನು ಮಾತ್ರ ಮುದ್ರಿಸುವ ಸ್ವತಂತ್ರ ಉಪಕರಣವನ್ನು ರಾತ್ರೋರಾತ್ರಿ ಸಿದ್ಧಪಡಿಸಿದರು. ಸಾಹಿತ್ಯದ ಕರ್ತೃತ್ವವಿಚಾರ, ಅಂದರೆ ನಮ್ಮ ಗ್ರಂಥಸಂಪಾದನೆಯ ಪಂಡಿತರಿಗೆ ತೀರ ಆತ್ಮೀಯವಾದ ಒಂದು ಜಿಜ್ಞಾಸೆ, ಇಂದು ಜಗತ್ತಿನ ಪ್ರೋಗ್ರಾಮರುಗಳೆಲ್ಲ ಬಳಸುವ ಸಾಧನಕ್ಕೆ ನಿಮಿತ್ತವಾಯಿತೆಂಬುದು ನನಗೆ ಬಹು ಸಂತೋಷದ ಸಂಗತಿ. ಮೆಕ್‌ಮಹೋನ್ ಅವರೇ ಮುಂದೆ, ಹರಿದುಬರುವ ಪಠ್ಯವನ್ನು ಸಾಲುಸಾಲಾಗಿ ತಿದ್ದುವ ‘ಸೆಡ್’ ಅನ್ನು ರಚಿಸಿದರು. 1977ರಲ್ಲಿ ಏಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರು, ಅಂಕಣಗಳುಳ್ಳ ಪಠ್ಯವನ್ನು ಲೆಕ್ಕಹಾಕಲು ಯೋಗ್ಯವಾದ ‘ಆಕ್’ ಎಂಬ ಪುಟ್ಟ ಭಾಷೆಯನ್ನು ನಿರ್ಮಿಸಿದರು.

ಈ ಉಪಕರಣಗಳನ್ನು ಕೂಡಿಸಿ ಬಳಸುವ ಕಲೆಯ ಉತ್ಕೃಷ್ಟ ದೃಷ್ಟಾಂತ 1986ರಲ್ಲಿ ದೊರೆಯಿತು. ಜಾನ್ ಬೆಂಟ್ಲಿ ತಮ್ಮ ಪತ್ರಿಕಾ ಅಂಕಣಕ್ಕಾಗಿ ಡೊನಾಲ್ಡ್ ಕನೂತ್ ಅವರಿಗೆ ಒಂದು ಸಮಸ್ಯೆಯನ್ನು ಒಡ್ಡಿದರು: ಒಂದು ಕಡತದಲ್ಲಿ ಅತ್ಯಂತ ಹೆಚ್ಚು ಸಲ ಬರುವ ಪದಗಳು ಯಾವುವು, ಅವು ಎಷ್ಟೆಷ್ಟು ಸಲ ಬಂದಿವೆ ಎಂದು ತಿಳಿಸುವ ಪ್ರೋಗ್ರಾಮನ್ನು ಬರೆಯಬೇಕು. ಕನೂತ್ ಅವರು ವಿವರಣೆಯೂ ಪ್ರೋಗ್ರಾಮೂ ಒಂದೇ ಪ್ರಬಂಧವಾಗಿ ಹೆಣೆದುಕೊಂಡ, ಹತ್ತು ಪುಟಗಳನ್ನು ಮೀರಿದ ಸುಂದರ ಕೃತಿಯೊಂದನ್ನು ಒಪ್ಪಿಸಿದರು. ಅದನ್ನು ವಿಮರ್ಶಿಸಿದ ಮೆಕಿಲ್ರಾಯ್, ಕೃತಿಯ ಕೌಶಲವನ್ನು ಮನಸಾರೆ ಮೆಚ್ಚಿ, ಅದೇ ಕೆಲಸವನ್ನು ಆರು ಸಾಲುಗಳ ಪೈಪಿನಿಂದ ನೆರವೇರಿಸಿ ತೋರಿಸಿದರು. ಮೊದಲು ‘ಟಿಆರ್’ ಎಂಬ ಉಪಕರಣ ಅಕ್ಷರವಲ್ಲದ್ದನ್ನೆಲ್ಲ ಸಾಲುಮುರಿತವಾಗಿ ಮಾರ್ಪಡಿಸಿ ಒಂದು ಸಾಲಿಗೆ ಒಂದು ಪದವಿರುವಂತೆ ಮಾಡುವುದು. ಮತ್ತೊಮ್ಮೆ ಅದೇ ಉಪಕರಣ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಸಣ್ಣಕ್ಷರಗಳಾಗಿಸುವುದು. ‘ಸಾರ್ಟ್’ ಒಂದೇ ಬಗೆಯ ಪದಗಳನ್ನು ಅಕ್ಕಪಕ್ಕಕ್ಕೆ ತರುವುದು. ‘ಯೂನಿಕ್’ ಪಕ್ಕಪಕ್ಕದ ಸಮಾನಪದಗಳನ್ನು ಒಂದಾಗಿಸಿ ಎಣಿಕೆಯನ್ನು ಹಿಂದೆ ಬರೆಯುವುದು. ಸಾರ್ಟ್ ಪುನಃ ಆ ಎಣಿಕೆಯ ಇಳಿಕೆಯ ಕ್ರಮದಲ್ಲಿ ಜೋಡಿಸುವುದು. ಕೊನೆಗೆ ಸೆಡ್ ಬೇಕಾದಷ್ಟು ಸಾಲುಗಳನ್ನು ತೋರಿಸಿ ನಿಲ್ಲುವುದು. ಯೂನಿಕ್ ನೆರೆಯ ಸಾಲುಗಳನ್ನು ಮಾತ್ರ ಹೋಲಿಸುವುದರಿಂದ ಅದರ ಹಿಂದೆ ಸಾರ್ಟ್ ಇರಲೇಬೇಕೆಂಬುದನ್ನು ಹೊಸಬರು ಮರೆಯಬಾರದು. ತಪ್ಪು ಎಣಿಕೆಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುತ್ತವೆ.

ಈ ಪ್ರಸಂಗವನ್ನು ಕನೂತ್ ಅವರ ಪರಾಭವವೆಂದು ವರ್ಣಿಸುವವರುಂಟು, ಅದು ನ್ಯಾಯವಲ್ಲ. ಪ್ರೋಗ್ರಾಮನ್ನು ಸಾಹಿತ್ಯದಂತೆ ಬರೆಯುವ ತಮ್ಮ ಪದ್ಧತಿಯನ್ನು ತೋರಿಸುವುದಕ್ಕಾಗಿಯೇ ಅವರನ್ನು ಆಹ್ವಾನಿಸಲಾಗಿತ್ತು, ಅದನ್ನು ಅವರು ಪೂರೈಸಿದರು. ಮೆಕಿಲ್ರಾಯ್ ತೋರಿಸಿದುದು ಬೇರೊಂದು ಸತ್ಯ: ಎಂದೋ ಯಾರೋ ಬೇರೆ ಬೇರೆ ಉದ್ದೇಶಗಳಿಗಾಗಿ ರಚಿಸಿಟ್ಟ ಸಾಧನಗಳಿಂದಲೇ, ಅವರು ಊಹಿಸದಿದ್ದ ಕೆಲಸವೊಂದು ಕೆಲವು ನಿಮಿಷಗಳಲ್ಲಿ ಸಿದ್ಧಿಸಬಹುದೆಂಬುದು.

ಉಪಕರಣಗಳ ಜೊತೆಜೊತೆಗೆ ಬೆರಳುಗಳ ಅಭ್ಯಾಸವೂ ಬೆಳೆಯಿತು. 1976ರ ಸುಮಾರಿನಲ್ಲಿ ಬರ್ಕ್ಲಿಯ ಬಿಲ್ ಜಾಯ್ ರಚಿಸಿದ ‘ವಿಐ’ ಸಂಪಾದಕದಲ್ಲಿ ಎಚ್, ಜೆ, ಕೆ, ಎಲ್ ಎಂಬ ನಾಲ್ಕು ಕೀಲಿಗಳು ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಸರಿಯುವುದಕ್ಕೆ ಸಲ್ಲುತ್ತವೆ. ಅವರು ಬಳಸುತ್ತಿದ್ದ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಆ ಕೀಲಿಗಳ ಮೇಲೆಯೇ ಅಚ್ಚಾಗಿದ್ದುವು. ಅದೇ ಕಾಲದಲ್ಲಿ ಎಂಐಟಿಯಲ್ಲಿ ಹುಟ್ಟಿದ ‘ಇಮ್ಯಾಕ್ಸ್’ ಸಂಪಾದಕದ ಕೀಲಿಪದ್ಧತಿಯನ್ನು 1989ರಲ್ಲಿ ಬ್ರಯನ್ ಫಾಕ್ಸ್ ರಚಿಸಿದ ‘ಬ್ಯಾಶ್’ ಶೆಲ್ ತನ್ನದಾಗಿಸಿಕೊಂಡಿತು. ಕಂಟ್ರೋಲ್ ಕೀಲಿಯೊಡನೆ ಆರ್ ಅನ್ನು ಒತ್ತಿ ಹಿಂದೆ ಬರೆದ ಆಜ್ಞೆಯ ಒಂದೆರಡು ಅಕ್ಷರಗಳನ್ನು ಬೆರಳಚ್ಚಿಸಿದರೆ ಇಡೀ ಆಜ್ಞೆ ಎದುರಿಗೆ ಬಂದು ನಿಲ್ಲುವ ಸೌಕರ್ಯವೊಂದನ್ನೇ ರೂಢಿಸಿಕೊಂಡರೂ ನಿತ್ಯದ ಶ್ರಮ ಗಣನೀಯವಾಗಿ ತಗ್ಗುವುದು. ವಿಐ ಮೇಲೋ ಇಮ್ಯಾಕ್ಸ್ ಮೇಲೋ ಎಂಬ ಹಳೆಯ ವಾಗ್ವಾದದಲ್ಲಿ ನನಗೆ ಹುರುಳು ಕಾಣದು. ಯಾವುದನ್ನು ಆರಿಸಿಕೊಂಡರೂ ಆಳವಾಗಿ ಕಲಿತವನಿಗೆ ಲಾಭವೇ.

ಮುಂದಿನ ದಶಕಗಳ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1987ರಲ್ಲಿ ಲ್ಯಾರಿ ವಾಲ್ ರಚಿಸಿದ ಪರ್ಲ್ ಭಾಷೆ ಗ್ರೆಪ್, ಸೆಡ್, ಆಕ್‌ಗಳ ಶಕ್ತಿಯನ್ನು ಒಂದೆಡೆ ಕೂಡಿಸಿತು. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ ಪಠ್ಯದ ಪ್ರತಿಯೊಂದು ಬದಲಾವಣೆಗೂ ಚರಿತ್ರೆಯನ್ನು ಒದಗಿಸಿತು. ಅದರ ‘ಬೈಸೆಕ್ಟ್’ ಎಂಬ ಆಜ್ಞೆಯನ್ನು ಅರಿಯದೆ ದಿನಗಟ್ಟಲೆ ದೋಷಾನ್ವೇಷಣೆಯಲ್ಲಿ ತೊಳಲುವವರು ಇನ್ನೂ ಬಹಳ ಮಂದಿ ಇದ್ದಾರೆ: ಸರಿಯಿದ್ದ ಒಂದು ಆವೃತ್ತಿಯನ್ನೂ ಕೆಟ್ಟಿರುವ ಒಂದು ಆವೃತ್ತಿಯನ್ನೂ ಸೂಚಿಸಿದರೆ ಅದು ನಡುವಿನದನ್ನು ಪರೀಕ್ಷೆಗೆ ಒಡ್ಡಿ, ಪ್ರತಿಸಲವೂ ಅರ್ಧವನ್ನು ಕಳೆಯುತ್ತ, ಸಾವಿರ ಬದಲಾವಣೆಗಳ ನಡುವೆ ಅಡಗಿದ ದೋಷವನ್ನು ಸುಮಾರು ಹತ್ತು ಪರೀಕ್ಷೆಗಳಲ್ಲಿ ಹಿಡಿದುಕೊಡುವುದು. 2016ರಲ್ಲಿ ಬಂದ ‘ರಿಪ್‌ಗ್ರೆಪ್’ ದೊಡ್ಡ ಕಡತರಾಶಿಗಳಲ್ಲಿ ಅತಿವೇಗದಿಂದ ಹುಡುಕುವುದಾದರೂ ಅದು ಥಾಂಪ್ಸನ್ ಅವರ ವಂಶದ್ದೇ.

ಈಗ ಕನ್ನಡದ ವಿಚಾರ. ಮೇಲೆ ಹೇಳಿದ ಸಾಧನಗಳಲ್ಲಿ ಹಳೆಯವೆಲ್ಲವೂ ಒಂದಕ್ಷರಕ್ಕೆ ಒಂದು ಬೈಟು ಎಂಬ ಭಾವನೆಯ ಮೇಲೆ ಕಟ್ಟಿದುವು. ನಮ್ಮ ಲಿಪಿಗೆ ಅದರಲ್ಲಿ ಸ್ಥಳವಿರಲಿಲ್ಲ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸಂಕೇತಗಳು ದೊರೆತುವು. ಮರುವರ್ಷ ಅದೇ ಥಾಂಪ್ಸನ್, ರಾಬ್ ಪೈಕ್ ಅವರೊಡನೆ ಕೂಡಿ, ಹಳೆಯ ಸಾಧನಗಳಿಗೆ ಭಂಗಬಾರದಂತೆ ಜಗತ್ತಿನ ಲಿಪಿಗಳನ್ನೆಲ್ಲ ಬೈಟುಗಳಲ್ಲಿ ಬರೆಯುವ ‘ಯುಟಿಎಫ್-8’ ಕ್ರಮವನ್ನು ರೂಪಿಸಿದರು. ಆದರೂ ನಮ್ಮಲ್ಲಿ ಬಹುಕಾಲ, ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಅನುಸರಿಸಿದ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಮೊದಲಾದವು ಜನರಿಗೆ ಕನ್ನಡವನ್ನು ಬೆರಳಚ್ಚಿಸುವ ಭಾಗ್ಯವನ್ನು ಒದಗಿಸಿದ್ದು, ಅಕ್ಷರದ ಆಕೃತಿಯ ತುಣುಕುಗಳಿಗೆ ಇಂಗ್ಲಿಷಿನ ಸಂಕೇತಗಳನ್ನು ಕೊಟ್ಟ ಫಾಂಟುಗಳ ಮೂಲಕ. ಅಂದಿನ ಯಂತ್ರಗಳಲ್ಲಿ ಅದು ಅನಿವಾರ್ಯವಾಗಿತ್ತು, ಅದರ ಉಪಕಾರವೂ ದೊಡ್ಡದು; ಆದರೆ ಅಂಥ ಕಡತದೊಳಗೆ ಇರುವುದು ಕನ್ನಡದ ಚಿತ್ರವೇ ಹೊರತು ಕನ್ನಡವಲ್ಲ, ಗ್ರೆಪ್‌ಗೆ ಅಲ್ಲಿ ಒಂದು ಕನ್ನಡ ಪದವೂ ಸಿಕ್ಕದು. ಅವನ್ನು ಯೂನಿಕೋಡಿಗೆ ಪರಿವರ್ತಿಸುವುದೇ ಮೊದಲ ಕರ್ತವ್ಯ.

ಪರಿವರ್ತಿಸಿದ ಮೇಲೂ ಎಚ್ಚರಬೇಕು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಓದುವ ಕಣ್ಣಿಗೆ ಅದು ಮೂರು ಅಕ್ಷರ. ಯೂನಿಕೋಡಿನಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತ. ಕಡತದಲ್ಲಿ ಒಂದೊಂದಕ್ಕೆ ಮೂರರಂತೆ ಹದಿನೈದು ಬೈಟು. ಉದ್ದವನ್ನು ಅಳೆಯುವ ಪ್ರೋಗ್ರಾಮು ಈ ಮೂರರಲ್ಲಿ ಯಾವುದನ್ನು ಎಣಿಸುತ್ತಿದೆಯೆಂದು ತಿಳಿಯದೆ ಹೆಸರುಗಳನ್ನು ಇಂತಿಷ್ಟಕ್ಕೆ ಕತ್ತರಿಸುವ ತಂತ್ರಾಂಶವು ಒತ್ತಕ್ಷರವನ್ನು ನಡುವೆ ಸೀಳಿಬಿಡುವುದು.

ಮೆಕಿಲ್ರಾಯ್ ಅವರ ಆರು ಸಾಲುಗಳಿಗೆ ಕನ್ನಡ ಕಡತವನ್ನು ಕೊಟ್ಟರೆ, ಇಂಗ್ಲಿಷ್ ಅಕ್ಷರವಲ್ಲದ್ದೆಲ್ಲವೂ ಅಳಿಸಿಹೋಗಿ ಏನೂ ಉಳಿಯದು. ಟಿಆರ್ ಬದಲಿಗೆ ಗ್ರೆಪ್ ಅನ್ನೇ, ಹೊಂದಿದ ಭಾಗವನ್ನಷ್ಟೇ ಮುದ್ರಿಸುವ ಚಿಕ್ಕ ಓ ಆಯ್ಕೆಯೊಡನೆಯೂ ಪರ್ಲ್ ಮಾದರಿಯ ವಿನ್ಯಾಸಗಳನ್ನು ಒಪ್ಪುವ ದೊಡ್ಡ ಪಿ ಆಯ್ಕೆಯೊಡನೆಯೂ ನಡೆಸಿ, ಕನ್ನಡ ಲಿಪಿಯ ವರ್ಗವನ್ನು ಹುಡುಕಿಸಿದರೆ ಕೆಲಸ ಸಾಗುವುದು. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದುದರಿಂದ ಎರಡನೆಯ ಸಾಲು ಬೇಕಿಲ್ಲ. ಆ ವರ್ಗದೊಡನೆ ಅಗೋಚರ ಸಂಯೋಜಕಚಿಹ್ನೆಗಳೆರಡನ್ನೂ ಸೇರಿಸಬೇಕು. ಇಲ್ಲವಾದರೆ ‘ಸಾಫ್ಟ್‌ವೇರ್’ ಎಂಬ ಪದ, ಟಕಾರದ ಮುಂದೆ ಕಣ್ಣಿಗೆ ಕಾಣದಂತೆ ಕುಳಿತಿರುವ ಚಿಹ್ನೆಯಿಂದಾಗಿ, ಎರಡು ಪದಗಳಾಗಿ ಎಣಿಕೆಗೆ ಬರುವುದು.

ಕಣ್ಣಿಗೆ ಒಂದೇ ಆಗಿ ಕಡತದಲ್ಲಿ ಬೇರೆಯಾಗಿರುವ ಪದಗಳು ಇನ್ನೂ ಉಂಟು. ‘ಕೋಗಿಲೆ’ಯ ಮೊದಲ ಅಕ್ಷರವನ್ನು ಕಕಾರ ಮತ್ತು ಓಕಾರದ ಒಂದೇ ಗುರುತು ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಗುರುತನ್ನು ಬಿಡಿಸಿ ನಾಲ್ಕರಲ್ಲಿಯೂ ಬರೆಯಬಹುದು. ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕದು. ಯೂನಿಕೋಡಿನ ‘ಎನ್‌ಎಫ್‌ಸಿ’ ಎಂಬ ಏಕರೂಪೀಕರಣ ಇದಕ್ಕೆ ಮದ್ದು. ಪೈಥಾನಿನಲ್ಲಿ ಅದು ಒಂದು ಸಾಲಿನ ಕೆಲಸ. ಆದರೆ ಹಳೆಯ ಹಲವು ಕಡತಗಳಲ್ಲಿ ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯ ಅಂಕಿಯನ್ನು ಬೆರಳಚ್ಚಿಸಿರುವುದನ್ನು ಯಾವ ಏಕರೂಪೀಕರಣವೂ ಸರಿಪಡಿಸದು. ಅಕ್ಷರದ ಬೆನ್ನಿಗೆ ಬಂದ ಸೊನ್ನೆಗಳನ್ನು ಮಾತ್ರ, ಅಂಕಿಗಳ ನಡುವಿನವನ್ನು ಮುಟ್ಟದೆ, ಸೆಡ್‌ನಿಂದಲೋ ಪರ್ಲ್‌ನಿಂದಲೋ ತಿದ್ದಬೇಕು, ತಿದ್ದುವ ಮುನ್ನ ಮೂಲದ ಪ್ರತಿಯನ್ನು ತೆಗೆದಿಡಬೇಕು. ಅಕಾರಾದಿಯ ತೊಡಕು ಮತ್ತೊಂದು: ಯೂನಿಕೋಡಿನಲ್ಲಿ ಳಕಾರ ಲಕಾರದ ಪಕ್ಕದಲ್ಲಿ ಕುಳಿತಿದೆ, ವರ್ಣಮಾಲೆಯಲ್ಲಿಯಾದರೋ ಹಕಾರದ ಮುಂದೆ. ಸಂಕೇತಕ್ರಮದಲ್ಲಿ ಜೋಡಿಸಿದರೆ ‘ಬಳಪ’ವು ‘ಬಸವ’ನಿಗಿಂತ ಮೊದಲು ಬಂದುಬಿಡುವುದು, ನಿಘಂಟಿನ ಕೆಲಸಕ್ಕೆ ಇದು ಸಲ್ಲದು.

ಯೂನಿಕೋಡಿನ ಸಂಕೇತಪದ್ಧತಿಯಿಂದ ಒಂದು ಅನುಕೂಲವೂ ಉಂಟು. ಊರು, ಊರಿನ, ಊರಿಗೆ, ಊರಲ್ಲಿ ಎಂಬ ರೂಪಗಳನ್ನೆಲ್ಲ ಒಟ್ಟಿಗೆ ಹುಡುಕಬೇಕಾದರೆ ಕೊನೆಯ ಕೊಂಬನ್ನು ಬಿಟ್ಟು ‘ಊರ’ ಎಂದಷ್ಟೇ ಕೊಟ್ಟರೆ ಸಾಕು. ಸ್ವರಚಿಹ್ನೆಗಳು ವ್ಯಂಜನದ ಮುಂದೆ ಪ್ರತ್ಯೇಕ ಸಂಕೇತಗಳಾಗಿ ನಿಲ್ಲುವುದರಿಂದ ಎಲ್ಲವೂ ಸಿಕ್ಕುತ್ತವೆ. ‘ಊರ್ಧ್ವ’ವೂ ಜೊತೆಗೆ ಬರುವುದು ನಿಜ, ರಕಾರದ ಮುಂದೆ ವಿರಾಮಚಿಹ್ನೆ ಇರಬಾರದೆಂದು ವಿಧಿಸಿದರೆ ಅದೂ ದೂರವಾಗುವುದು. ನಮ್ಮ ವಿಭಕ್ತಿಪ್ರತ್ಯಯಗಳ ಸಮೃದ್ಧಿಗೆ ತಕ್ಕ ಇಂಥ ಯುಕ್ತಿಗಳನ್ನು ಇಂಗ್ಲಿಷ್ ಕೈಪಿಡಿಗಳು ಹೇಳಿಕೊಡಲಾರವು; ಕನ್ನಡಿಗರೇ ಕಂಡುಕೊಂಡು ಬರೆದಿಡಬೇಕು.

ಆಕ್ ಭಾಷೆಯ ಮೂವರು ಕರ್ತೃಗಳಲ್ಲಿ ಒಬ್ಬರಾದ ಬ್ರಯನ್ ಕರ್ನಿಹನ್, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, 2022ರಲ್ಲಿ, ತಮ್ಮ ಮೂಲ ಆಕ್‌ಗೆ ಯೂನಿಕೋಡ್ ಪಠ್ಯವನ್ನು ಅರ್ಥಮಾಡಿಕೊಳ್ಳುವ ಸಾಮರ್ಥ್ಯವನ್ನು ತಾವೇ ಸೇರಿಸಿದರು. ನಾಲ್ವತ್ತೈದು ವರ್ಷಗಳ ಹಿಂದೆ ಮಾಡಿದ ಉಪಕರಣವನ್ನು ನಮ್ಮಂಥ ಲಿಪಿಗಳವರಿಗೂ ಸಲ್ಲುವಂತೆ ತಿದ್ದಲು ಆ ಹಿರಿಯರು ಕುಳಿತರೆಂಬುದನ್ನು ನೆನೆದು, ಕನ್ನಡದ ಪ್ರೋಗ್ರಾಮರುಗಳಲ್ಲಿ ನನ್ನ ವಿನಂತಿ ಇಷ್ಟು: ನೀವು ರಚಿಸುವ ಪ್ರತಿಯೊಂದು ಉಪಕರಣವನ್ನೂ ಹೊರಗೆ ಬಿಡುವ ಮುನ್ನ ಒತ್ತಕ್ಷರ, ಅನುಸ್ವಾರ, ಅಗೋಚರ ಚಿಹ್ನೆಗಳುಳ್ಳ ಒಂದು ಪುಟ ಕನ್ನಡದಿಂದ ಪರೀಕ್ಷಿಸಿ, ನಿಮ್ಮಲ್ಲಿರುವ ಹಳೆಯ ಫಾಂಟಿನ ಕಡತಗಳನ್ನು, ಅವುಗಳ ಫಾಂಟು ಯಾವುದೆಂದು ಬಲ್ಲವರು ಇನ್ನೂ ನಿಮ್ಮ ಬಳಿಯಲ್ಲಿರುವಾಗಲೇ, ಯೂನಿಕೋಡಿಗೆ ಪರಿವರ್ತಿಸಿ ಸರಳ ಪಠ್ಯವಾಗಿ ಉಳಿಸಿರಿ.