ಸಣ್ಣ ಉದ್ದಿಮೆದಾರರಿಗೆ ಕೊರಿಯರ್ ಸೇವೆಯ ಆಯ್ಕೆ: ಹುಬ್ಬಳ್ಳಿ-ಧಾರವಾಡದ ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಹಾಗೂ ಸುತ್ತಲಿನ ತಾಲ್ಲೂಕುಗಳಲ್ಲಿ ತಯಾರಾಗುವ ಅನೇಕ ವಸ್ತುಗಳಿಗೆ ಪರ ಊರುಗಳಲ್ಲಿಯೇ ಹೆಚ್ಚಿನ ಬೇಡಿಕೆ ಇರುತ್ತದೆ. ಧಾರವಾಡ ಪೇಡಾ, ಕಸೂತಿ ಕಲೆ ಹಾಗೂ ನವಲಗುಂದದ ಜಮಖಾನ ಈ ಮೂರೂ ಭೌಗೋಳಿಕ ಸೂಚಕ (ಜಿ.ಐ.) ಮಾನ್ಯತೆ ಪಡೆದವುಗಳಾಗಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜಗಳು ತಯಾರಾಗುತ್ತವೆ. ಗೋಕುಲ ರಸ್ತೆ, ತಾರಿಹಾಳ ಮತ್ತು ಬೇಲೂರು ಕೈಗಾರಿಕಾ ಪ್ರದೇಶಗಳ ಘಟಕಗಳು ಬಿಡಿಭಾಗಗಳನ್ನೂ ಮಾದರಿಗಳನ್ನೂ ದೂರದ ಊರುಗಳಿಗೆ ಕಳುಹಿಸುತ್ತವೆ. ಮನೆಯಲ್ಲಿಯೇ ಕುಳಿತು ರೊಟ್ಟಿ, ಚಟ್ನಿಪುಡಿ, ಉಡುಪು ಮಾರುವ ಮಹಿಳೆಯರೂ ಸ್ವಸಹಾಯ ಸಂಘಗಳೂ ಕೊರಿಯರ್ ಸೇವೆಯನ್ನೇ ಅವಲಂಬಿಸಿರುತ್ತಾರೆ.

ಕೊರಿಯರ್ ಆಯ್ಕೆ ಮಾಡುವಾಗ ಬಹುತೇಕ ಉದ್ದಿಮೆದಾರರು ಪ್ರತಿ ಕಿಲೋಗ್ರಾಂ ದರವನ್ನು ಮಾತ್ರ ಹೋಲಿಸಿ ನೋಡುತ್ತಾರೆ. ಆದರೆ ಸರಕು ಕಳೆದುಹೋದಾಗ ದೊರೆಯುವ ಪರಿಹಾರವು ರಸೀದಿಯಲ್ಲಿ ಏನನ್ನು ಬರೆಯಿಸಲಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ದರ, ಭರವಸೆ ಮತ್ತು ಹೊಣೆಗಾರಿಕೆ ಈ ಮೂರನ್ನೂ ಒಟ್ಟಿಗೆ ಪರಿಶೀಲಿಸಲು ಅಗತ್ಯವಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

ಲಭ್ಯವಿರುವ ಸಾಗಣೆ ಸೌಲಭ್ಯಗಳು

1. ಅಂಚೆ ಇಲಾಖೆ: ಸ್ಪೀಡ್ ಪೋಸ್ಟ್ ಸೇವೆಯು 1986ರ ಆಗಸ್ಟ್ 1ರಂದು ಆರಂಭವಾಯಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಲಾಗಿದೆ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 50 ಗ್ರಾಂ ವರೆಗಿನ ದಾಖಲೆಗೆ ಸ್ಥಳೀಯವಾಗಿ ರೂ. 19 ಹಾಗೂ ಇತರ ಎಲ್ಲ ಊರುಗಳಿಗೆ ರೂ. 47 ನಿಗದಿಯಾಗಿದೆ. 51ರಿಂದ 250 ಗ್ರಾಂ ತೂಕಕ್ಕೆ 201ರಿಂದ 500 ಕಿ.ಮೀ. ಅಂತರಕ್ಕೆ (ಹುಬ್ಬಳ್ಳಿಯಿಂದ ಬೆಂಗಳೂರು ಈ ಹಂತದಲ್ಲಿ ಬರುತ್ತದೆ) ರೂ. 63 ಹಾಗೂ 1001ರಿಂದ 2000 ಕಿ.ಮೀ. ಅಂತರಕ್ಕೆ ರೂ. 72 ಆಗಿರುತ್ತದೆ. ಇದರ ಮೇಲೆ ಜಿ.ಎಸ್.ಟಿ. ಪ್ರತ್ಯೇಕ. ವಿಳಾಸದಾರರಿಗೇ ತಲುಪಿಸುವ ನೋಂದಣಿ ಸೌಲಭ್ಯಕ್ಕೆ ರೂ. 5 ಹಾಗೂ ಒ.ಟಿ.ಪಿ. ಪಡೆದು ಬಟವಾಡೆ ಮಾಡುವ ಸೌಲಭ್ಯಕ್ಕೆ ರೂ. 5 ಹೆಚ್ಚುವರಿ ಶುಲ್ಕವಿದ್ದು, ಇದಕ್ಕೂ ಜಿ.ಎಸ್.ಟಿ. ಅನ್ವಯಿಸುತ್ತದೆ. ಪಾರ್ಸೆಲ್‌ಗಳಿಗೆ ಬೇರೆ ದರವಿದ್ದು, ಅಂಚೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಖಾಸಗಿ ಕೊರಿಯರ್ ಶಾಖೆ ಇಲ್ಲದ ಹಳ್ಳಿಗಳಿಗೂ ಅಂಚೆಯ ಜಾಲ ತಲುಪುವುದು ಇದರ ಮುಖ್ಯ ಅನುಕೂಲವಾಗಿದೆ.

2. ಖಾಸಗಿ ಕೊರಿಯರ್ ಮತ್ತು ಸರಕು ಸಾಗಣೆ ಸಂಸ್ಥೆಗಳು: ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿರುವುದರಿಂದ ಹುಬ್ಬಳ್ಳಿಯು ಹಿಂದಿನಿಂದಲೂ ಸಾಗಣೆ ವ್ಯವಹಾರದ ಕೇಂದ್ರವಾಗಿದೆ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಆರಂಭವಾದ ವಿ.ಆರ್.ಎಲ್. ಸಂಸ್ಥೆಯು ಇಂದು ಹುಬ್ಬಳ್ಳಿ ಸಮೀಪದ ವರೂರಿನಿಂದ ಕಾರ್ಯನಿರ್ವಹಿಸುತ್ತಿರುವುದು ಇದಕ್ಕೆ ನಿದರ್ಶನ. ಸ್ಪರ್ಧೆ ಹೆಚ್ಚಿರುವುದರಿಂದ ದರದಲ್ಲಿ ಚೌಕಾಶಿಗೆ ಅವಕಾಶವಿರುತ್ತದೆ.

3. ಬಸ್ ಮೂಲಕ: ರಾಜ್ಯದ ರಸ್ತೆ ಸಾರಿಗೆ ನಿಗಮಗಳ ಬಸ್‌ಗಳಲ್ಲಿ ಪಾರ್ಸೆಲ್ ಸಾಗಿಸುವ ‘ನಮ್ಮ ಕಾರ್ಗೋ’ ಸೇವೆ 2021ರ ಫೆಬ್ರವರಿಯಲ್ಲಿ ಆರಂಭವಾಯಿತು. ಪಾರ್ಸೆಲ್ ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕೆ ಹೋಗುವ ವ್ಯವಸ್ಥೆಯಲ್ಲಿ ಸ್ವೀಕರಿಸುವವರು ನಿಲ್ದಾಣಕ್ಕೆ ಬಂದು ಪಡೆಯಬೇಕಾಗುತ್ತದೆ. ಪರಿಚಿತ ವ್ಯಾಪಾರಿಗಳಿಗೆ ಇದು ಸೂಕ್ತ.

4. ರೈಲ್ವೆ ಪಾರ್ಸೆಲ್: ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರ ಸ್ಥಾನವಾಗಿದೆ. ಭಾರವಾದ, ಗಟ್ಟಿಯಾದ ಸರಕನ್ನು ದೂರದ ನಗರಗಳಿಗೆ ಕಳುಹಿಸಲು ರೈಲ್ವೆ ಪಾರ್ಸೆಲ್ ಕಚೇರಿಯ ದರಗಳನ್ನು ಹೋಲಿಸಿ ನೋಡುವುದು ಲಾಭದಾಯಕ. ನಿಲ್ದಾಣಕ್ಕೆ ಒಯ್ಯುವ ಹಾಗೂ ಅಲ್ಲಿಂದ ತರುವ ಖರ್ಚನ್ನು ಲೆಕ್ಕಕ್ಕೆ ಸೇರಿಸತಕ್ಕದ್ದು.

ದರದ ಲೆಕ್ಕಾಚಾರ

ಗಾತ್ರದ ತೂಕ: ಕೊರಿಯರ್ ಸಂಸ್ಥೆಗಳು ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ಪಡೆಯುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ, ಬಂದ ಮೊತ್ತವನ್ನು ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋಗ್ರಾಂನಲ್ಲಿ ದೊರೆಯುತ್ತದೆ. ಉದಾಹರಣೆಗೆ, 2 ಕಿಲೋಗ್ರಾಂ ಪೇಡಾವನ್ನು 40×30×20 ಸೆಂ.ಮೀ. ಪೆಟ್ಟಿಗೆಯಲ್ಲಿ ಇಟ್ಟರೆ ಗಾತ್ರದ ತೂಕ 4.8 ಕಿಲೋಗ್ರಾಂ ಆಗುತ್ತದೆ. ಅದೇ ಪೇಡಾವನ್ನು 30×20×20 ಸೆಂ.ಮೀ. ಪೆಟ್ಟಿಗೆಯಲ್ಲಿ ಹೊಂದಿಸಿದರೆ 2.4 ಕಿಲೋಗ್ರಾಂಗೆ ಇಳಿಯುತ್ತದೆ. ಕೊರಿಯರ್ ಬದಲಿಸುವ ಮೊದಲು ಪೆಟ್ಟಿಗೆಯನ್ನು ಬದಲಿಸಿ ನೋಡುವುದು ಒಳಿತು. ಕೆಲವು ಸಂಸ್ಥೆಗಳು 5000ಕ್ಕಿಂತ ಕಡಿಮೆ ಭಾಜಕವನ್ನು ಬಳಸುತ್ತವೆ. ಆಗ ಅದೇ ಪೆಟ್ಟಿಗೆಯ ತೂಕ ಏರುತ್ತದೆ. ಆದ್ದರಿಂದ ಭಾಜಕ ಎಷ್ಟೆಂಬುದನ್ನು ದರಪಟ್ಟಿಯಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು.

ತಲುಪಿದ ಪಾರ್ಸೆಲ್‌ನ ವೆಚ್ಚ: ಹೋಲಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಗಮನಿಸಬಹುದು. ಒಬ್ಬ ವ್ಯಾಪಾರಿಯು ತಿಂಗಳಿಗೆ 100 ಪಾರ್ಸೆಲ್ ಕಳುಹಿಸುತ್ತಾನೆಂದು ಭಾವಿಸೋಣ. ಮೊದಲ ಸಂಸ್ಥೆಯ ದರ ರೂ. 60. ಅದರಲ್ಲಿ 6 ಪಾರ್ಸೆಲ್‌ಗಳು ಮರಳಿ ಬಂದು, ಪ್ರತಿಯೊಂದಕ್ಕೂ ರೂ. 50 ವಾಪಸಾತಿ ಶುಲ್ಕ ಬೀಳುತ್ತದೆ, ರೂ. 1,500 ಮೌಲ್ಯದ 1 ಪಾರ್ಸೆಲ್ ಕಳೆದು, ರೂ. 600 ಪರಿಹಾರ ಮಾತ್ರ ದೊರೆಯುತ್ತದೆ. ಒಟ್ಟು ವೆಚ್ಚ ರೂ. 7,200, ತಲುಪಿದ 93 ಪಾರ್ಸೆಲ್‌ಗಳಿಗೆ ತಲಾ ಸುಮಾರು ರೂ. 77 ಆಗುತ್ತದೆ. ಎರಡನೆಯ ಸಂಸ್ಥೆಯ ದರ ರೂ. 68 ಇದ್ದು, 1 ಪಾರ್ಸೆಲ್ ಮಾತ್ರ ಮರಳಿ ಬಂದರೆ ಒಟ್ಟು ವೆಚ್ಚ ರೂ. 6,850, ತಲುಪಿದ 99 ಪಾರ್ಸೆಲ್‌ಗಳಿಗೆ ತಲಾ ಸುಮಾರು ರೂ. 69 ಮಾತ್ರ. ಹೀಗೆ ಮೇಲ್ನೋಟಕ್ಕೆ ಅಗ್ಗವಾದದ್ದು ತಿಂಗಳ ಕೊನೆಗೆ ದುಬಾರಿಯಾಗಬಹುದು. ಪ್ರತಿಯೊಬ್ಬ ಉದ್ದಿಮೆದಾರರೂ ಕಳುಹಿಸಿದ, ತಲುಪಿದ, ಮರಳಿದ ಹಾಗೂ ಕಳೆದ ಪಾರ್ಸೆಲ್‌ಗಳ ವಿವರವನ್ನು ಒಂದು ವಹಿಯಲ್ಲಿ ಬರೆದಿಡುವುದು ಸೂಕ್ತ.

ಕಾನೂನಿನ ಪ್ರಕಾರ ಹೊಣೆಗಾರಿಕೆ

ರಸ್ತೆ ಮೂಲಕ ಸರಕು ಸಾಗಿಸುವ ಸಂಸ್ಥೆಗಳಿಗೆ ‘ರಸ್ತೆ ಮೂಲಕ ಸಾಗಣೆ ಅಧಿನಿಯಮ, 2007’ ಅನ್ವಯಿಸುತ್ತದೆ. ಇದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದ್ದು, ಮನೆಬಾಗಿಲಿನಿಂದ ಮನೆಬಾಗಿಲಿಗೆ ಸಾಗಿಸುವ ಕೊರಿಯರ್ ಏಜೆನ್ಸಿಗಳನ್ನೂ ಒಳಗೊಂಡಿದೆ. ಸರ್ಕಾರದ ಸಾಗಣೆಯು ಇದರ ವ್ಯಾಪ್ತಿಗೆ ಬರುವುದಿಲ್ಲ. ಅಂಚೆ ಇಲಾಖೆಯ ಹೊಣೆಯು ‘ಅಂಚೆ ಕಚೇರಿ ಅಧಿನಿಯಮ, 2023’ ಮತ್ತು ಅದರಡಿಯ ನಿಯಮಗಳಿಗೆ ಒಳಪಟ್ಟಿರುತ್ತದೆ. ಉದ್ದಿಮೆದಾರರು 2007ರ ಅಧಿನಿಯಮದ ಕೆಳಕಂಡ ಅಂಶಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು.

1. ಪರಿಹಾರದ ಮಿತಿ: ಸರಕು ನಷ್ಟವಾದರೆ ಸಂಸ್ಥೆಯ ಹೊಣೆಯು ಸಾಮಾನ್ಯವಾಗಿ ಸಾಗಣೆ ಶುಲ್ಕದ 10 ಪಟ್ಟಿಗೆ ಸೀಮಿತವಾಗಿರುತ್ತದೆ, ಅದೂ ಘೋಷಿತ ಮೌಲ್ಯವನ್ನು ಮೀರುವಂತಿಲ್ಲ. ರೂ. 6,000 ಬೆಲೆಯ ಕಸೂತಿ ಸೀರೆಯನ್ನು ರೂ. 90 ಶುಲ್ಕಕ್ಕೆ ಕಳುಹಿಸಿ ಅದು ಕಳೆದುಹೋದಲ್ಲಿ ದೊರೆಯಬಹುದಾದ ಗರಿಷ್ಠ ಪರಿಹಾರ ರೂ. 900. ಉಳಿದ ರೂ. 5,100 ಕಸೂತಿ ಹಾಕಿದವರ ಕೈಬಿಟ್ಟು ಹೋಗುತ್ತದೆ.

2. ಹೆಚ್ಚಿನ ಅಪಾಯ ದರ: ಸರಕಿನ ಪೂರ್ಣ ಮೌಲ್ಯವನ್ನು ಘೋಷಿಸಿ, ಸಂಸ್ಥೆ ನಿಗದಿಪಡಿಸಿದ ಹೆಚ್ಚಿನ ದರವನ್ನು ನೀಡಲು ಒಪ್ಪಿದಲ್ಲಿ ಮೇಲಿನ ಮಿತಿಯು ಅನ್ವಯಿಸುವುದಿಲ್ಲ. ಶುಲ್ಕ ಉಳಿಸಲು ಮೌಲ್ಯವನ್ನು ಕಡಿಮೆ ಬರೆಯಿಸಿದಲ್ಲಿ ಪರಿಹಾರವೂ ಅಷ್ಟಕ್ಕೇ ನಿಲ್ಲುತ್ತದೆ.

3. ವಿಳಂಬ: ತಲುಪಿಸುವ ಅವಧಿಯನ್ನು ಸರಕು ರವಾನೆ ಪತ್ರದಲ್ಲಿ ನಮೂದಿಸಲು ಅವಕಾಶವಿದೆ. ಒಪ್ಪಿದ ಅವಧಿಯನ್ನು ಮೀರಿದಾಗಲೇ ಶುಲ್ಕಕ್ಕಿಂತ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಬರುವುದರಿಂದ, ದಿನಾಂಕವನ್ನು ಬಾಯಿಮಾತಿನಲ್ಲಿ ಬಿಡದೆ ಬರೆಯಿಸತಕ್ಕದ್ದು.

4. ನೋಂದಣಿ: ಸಾಗಣೆ ಸಂಸ್ಥೆಯು ರಾಜ್ಯ ಅಥವಾ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದಲ್ಲಿ ನೋಂದಣಿ ಹೊಂದಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕಾಗಿದೆ.

ವಸ್ತುವಿಗೆ ತಕ್ಕ ಆಯ್ಕೆ

ಪೇಡಾದಂತಹ ಹಾಲಿನ ಉತ್ಪನ್ನಗಳಿಗೆ ವೇಗವೇ ಮುಖ್ಯ. ಶನಿವಾರ ಬುಕ್ ಮಾಡಿದ ಪಾರ್ಸೆಲ್ ಭಾನುವಾರ ಗೋದಾಮಿನಲ್ಲಿ ಉಳಿಯುವ ಸಂಭವವಿರುವುದರಿಂದ ವಾರದ ಆರಂಭದಲ್ಲಿ ಕಳುಹಿಸುವುದು ಉತ್ತಮ. ಗಾಳಿಯಾಡದ ಪೊಟ್ಟಣ, ತಯಾರಿಕೆಯ ದಿನಾಂಕ ಹಾಗೂ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರತಕ್ಕದ್ದು. ಕಸೂತಿ ಸೀರೆಗೆ ತೂಕ ಕಡಿಮೆ, ಬೆಲೆ ಹೆಚ್ಚು. ಆದ್ದರಿಂದ ಅಲ್ಲಿ ಮೌಲ್ಯ ಘೋಷಣೆ ಹಾಗೂ ಒ.ಟಿ.ಪಿ. ಬಟವಾಡೆಗೆ ಆದ್ಯತೆ ನೀಡಬೇಕು. ಜಮಖಾನವನ್ನು ಬಿಗಿಯಾಗಿ ಸುರುಳಿ ಸುತ್ತಿ ನೀರು ಇಳಿಯದ ಹೊದಿಕೆ ಹಾಕಿದಲ್ಲಿ ಗಾತ್ರದ ತೂಕ ತಗ್ಗುತ್ತದೆ, ಮಳೆಗಾಲದಲ್ಲಿ ರಕ್ಷಣೆಯೂ ದೊರೆಯುತ್ತದೆ. ರಾಷ್ಟ್ರಧ್ವಜಗಳು ಆಗಸ್ಟ್ 15 ಹಾಗೂ ಜನವರಿ 26ರ ಮೊದಲೇ ತಲುಪದಿದ್ದಲ್ಲಿ ನಿಷ್ಪ್ರಯೋಜಕವಾಗುವುದರಿಂದ ಅವಧಿ ನಮೂದಿಸುವುದು ಅತ್ಯಗತ್ಯ.

ಒಪ್ಪಂದಕ್ಕೆ ಮೊದಲು ವಿಚಾರಿಸಬೇಕಾದ ಅಂಶಗಳು

1. ನಿಮ್ಮ ಗ್ರಾಹಕರು ಹೆಚ್ಚಾಗಿರುವ ಪಿನ್ ಕೋಡ್‌ಗಳಿಗೆ ಸಂಸ್ಥೆಯು ಸ್ವತಃ ತಲುಪಿಸುವುದೇ ಅಥವಾ ಬೇರೊಬ್ಬರಿಗೆ ಒಪ್ಪಿಸುವುದೇ?
2. ಘಟಕದಿಂದಲೇ ಪಾರ್ಸೆಲ್ ಒಯ್ಯುವರೇ? ದಿನಕ್ಕೆ ಕನಿಷ್ಠ ಎಷ್ಟು ಪಾರ್ಸೆಲ್ ಇರಬೇಕು?
3. ಇಂಧನ ಶುಲ್ಕ, ದೂರದ ಪ್ರದೇಶದ ಶುಲ್ಕ, ವಾಪಸಾತಿ ಶುಲ್ಕ ಮತ್ತು ಜಿ.ಎಸ್.ಟಿ. ಸೇರಿ ಒಟ್ಟು ದರ ಎಷ್ಟು?
4. ಕ್ಯಾಶ್ ಆನ್ ಡೆಲಿವರಿ ಹಣ ಎಷ್ಟು ದಿನಗಳಲ್ಲಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ? ಅದಕ್ಕೆ ಶುಲ್ಕವೆಷ್ಟು?
5. ವಿಳಾಸದಾರರು ಮನೆಯಲ್ಲಿಲ್ಲದಿದ್ದರೆ ಎಷ್ಟು ಬಾರಿ ಪ್ರಯತ್ನಿಸುವರು?
6. ದೂರು ಸ್ವೀಕರಿಸುವ ಜವಾಬ್ದಾರಿ ಹೊತ್ತ ಸ್ಥಳೀಯ ಅಧಿಕಾರಿ ಯಾರು?

ಎಲ್ಲ ವ್ಯವಹಾರವನ್ನು ಒಮ್ಮೆಲೇ ಒಂದೇ ಸಂಸ್ಥೆಗೆ ಒಪ್ಪಿಸುವ ಬದಲು, ಒಂದು ತಿಂಗಳ ಕಾಲ ಎರಡು ಸಂಸ್ಥೆಗಳ ಮೂಲಕ ಸಮನಾಗಿ ಕಳುಹಿಸಿ ಪರೀಕ್ಷಿಸುವುದು ಸೂಕ್ತ. ಪರೀಕ್ಷೆಯಲ್ಲಿ ಬೆಂಗಳೂರಿನಂತಹ ನಗರದ ಜೊತೆಗೆ ದೂರದ ರಾಜ್ಯದ ಹಾಗೂ ಗ್ರಾಮಾಂತರದ ವಿಳಾಸಗಳೂ ಇರಲಿ. ದೀಪಾವಳಿಯಂತಹ ಹಬ್ಬದ ದಿನಗಳಿಗಾಗಿ ಎರಡನೆಯ ಸಂಸ್ಥೆಯ ಖಾತೆಯನ್ನೂ ಉಳಿಸಿಕೊಳ್ಳುವುದು ಕ್ಷೇಮ.

ಅಗತ್ಯ ದಾಖಲೆಗಳು

ಪ್ರತಿ ಪಾರ್ಸೆಲ್‌ನೊಂದಿಗೆ ಬಿಲ್ಲಿನ ಪ್ರತಿಯನ್ನು ಇರಿಸತಕ್ಕದ್ದು. ಸರಕಿನ ಮೌಲ್ಯ ರೂ. 50,000 ಮೀರಿದಲ್ಲಿ ಸಾಮಾನ್ಯವಾಗಿ ಇ-ವೇ ಬಿಲ್ ಕಡ್ಡಾಯವಾಗಿರುತ್ತದೆ. ಜಿ.ಎಸ್.ಟಿ. ನೋಂದಣಿಯಿಂದ ವಿನಾಯಿತಿ ಪಡೆದ ಕುಶಲಕರ್ಮಿಗಳು ಅಧಿಸೂಚಿತ ಕರಕುಶಲ ವಸ್ತುಗಳನ್ನು ಬೇರೆ ರಾಜ್ಯಕ್ಕೆ ಕಳುಹಿಸುವಾಗ ಮೌಲ್ಯ ಎಷ್ಟೇ ಇದ್ದರೂ ಇ-ವೇ ಬಿಲ್ ಪಡೆಯಬೇಕಾಗುತ್ತದೆ ಎಂಬುದನ್ನು ಕಸೂತಿ ಹಾಗೂ ಜಮಖಾನ ತಯಾರಕರು ಗಮನಿಸಬೇಕು. ಜಿ.ಎಸ್.ಟಿ. ನೋಂದಾಯಿತರು ಕೊರಿಯರ್ ಬಿಲ್ಲಿನಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆಯನ್ನು ನಮೂದಿಸಿಕೊಂಡಲ್ಲಿ, ಪಾವತಿಸಿದ ತೆರಿಗೆಯನ್ನು ನಿಯಮಾನುಸಾರ ಹೊಂದಾಣಿಕೆ ಮಾಡಿಕೊಳ್ಳಬಹುದು.

ನಷ್ಟ ಉಂಟಾದಾಗ ಅನುಸರಿಸಬೇಕಾದ ಕ್ರಮ

1. ಪಾರ್ಸೆಲ್ ಒಡೆದಿದ್ದಲ್ಲಿ ಸ್ವೀಕರಿಸುವವರು ಬಟವಾಡೆ ಪತ್ರದ ಮೇಲೆಯೇ ಅದನ್ನು ಬರೆದು ಸಹಿ ಮಾಡಬೇಕು, ಛಾಯಾಚಿತ್ರ ತೆಗೆದಿಡಬೇಕು.

2. ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ಸಾಗಣೆ ಸಂಸ್ಥೆಗೆ ಲಿಖಿತ ನೋಟಿಸ್ ನೀಡತಕ್ಕದ್ದು. ಈ ನೋಟಿಸ್ ಇಲ್ಲದೆ ದಾವೆ ಹೂಡಲು ಬರುವುದಿಲ್ಲ. ದೂರವಾಣಿಯಲ್ಲಿ ಮಾತನಾಡಿದ್ದು ನೋಟಿಸ್ ಎನಿಸುವುದಿಲ್ಲ. ‘ಹುಡುಕುತ್ತಿದ್ದೇವೆ’ ಎಂಬ ಉತ್ತರವನ್ನು ನಂಬಿ ಕಾಯುತ್ತಾ ಅವಧಿಯನ್ನು ಕಳೆದುಕೊಳ್ಳಬಾರದು. ನೋಟಿಸನ್ನು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನು ಕಾಯ್ದಿರಿಸಬೇಕು.

3. ಸರಕು ಸಾಗಣೆ ಹಾಗೂ ಅಂಚೆ ಸೇವೆಗಳು ಸಾರ್ವಜನಿಕ ಉಪಯುಕ್ತ ಸೇವೆಗಳಾಗಿರುವುದರಿಂದ ಖಾಯಂ ಜನತಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಇದಕ್ಕೆ ನ್ಯಾಯಾಲಯ ಶುಲ್ಕವಿರುವುದಿಲ್ಲ. ವಿವಾದವು ಬೇರೆ ನ್ಯಾಯಾಲಯಕ್ಕೆ ಹೋಗುವ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು.

4. ‘ಗ್ರಾಹಕ ಸಂರಕ್ಷಣಾ ಅಧಿನಿಯಮ, 2019’ರ ಪ್ರಕಾರ ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸೇವೆಯು ಗ್ರಾಹಕ ವ್ಯಾಖ್ಯೆಯ ಹೊರಗಿರುವುದರಿಂದ, ಉದ್ದಿಮೆದಾರರು ಆಯೋಗಕ್ಕೆ ಹೋಗುವ ಮೊದಲು ಕಾನೂನು ಸಲಹೆ ಪಡೆಯುವುದು ಒಳ್ಳೆಯದು. ಆದರೆ ಹಣ ಕೊಟ್ಟು ವಸ್ತು ಸಿಗದ ಖರೀದಿದಾರರು ಮಾರಾಟಗಾರರ ವಿರುದ್ಧ ದೂರು ನೀಡಬಹುದು. ಕೊರಿಯರ್ ಕಳೆದುಹಾಕಿತೆಂಬ ಒಂದೇ ಕಾರಣದಿಂದ ಮಾರಾಟಗಾರರ ಜವಾಬ್ದಾರಿ ಮುಗಿಯುವುದಿಲ್ಲ ಎಂಬುದನ್ನು ನೆನಪಿಡತಕ್ಕದ್ದು.

ಸಂಪರ್ಕಿಸಬೇಕಾದ ಕಚೇರಿಗಳು

- ಅಂಚೆ ಸೇವೆಯ ದರ ಹಾಗೂ ದೂರು: ಹುಬ್ಬಳ್ಳಿ ಅಥವಾ ಧಾರವಾಡ ಪ್ರಧಾನ ಅಂಚೆ ಕಚೇರಿ, ಮೇಲ್ಮಟ್ಟದಲ್ಲಿ ಪೋಸ್ಟ್‌ಮಾಸ್ಟರ್ ಜನರಲ್, ಉತ್ತರ ಕರ್ನಾಟಕ ವಲಯ, ಧಾರವಾಡ
- ಸಾಗಣೆ ಸಂಸ್ಥೆಯ ನೋಂದಣಿ ಬಗ್ಗೆ: ಪ್ರಾದೇಶಿಕ ಸಾರಿಗೆ ಕಚೇರಿ
- ಉದ್ದಿಮೆಗೆ ಸಂಬಂಧಿಸಿದ ಮಾರ್ಗದರ್ಶನ: ಜಿಲ್ಲಾ ಕೈಗಾರಿಕಾ ಕೇಂದ್ರ, ಧಾರವಾಡ
- ಉಚಿತ ಕಾನೂನು ನೆರವು ಹಾಗೂ ಖಾಯಂ ಜನತಾ ನ್ಯಾಯಾಲಯದ ಮಾಹಿತಿ: ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಧಾರವಾಡ, ಸಹಾಯವಾಣಿ 15100
- ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915

ಸೂಚನೆ: ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಬುಕ್ ಮಾಡುವ ದಿನದ ದರ, ಘೋಷಿತ ಮೌಲ್ಯ ಹಾಗೂ ತಲುಪಿಸುವ ದಿನಾಂಕ ಈ ಮೂರೂ ರಸೀದಿಯಲ್ಲಿ ಸ್ಪಷ್ಟವಾಗಿ ನಮೂದಾಗಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಪಾರ್ಸೆಲ್ ಒಪ್ಪಿಸತಕ್ಕದ್ದು.