ಎಡಗೈಯ ಗುಂಡಿಗಳು

ನಮ್ಮ ಕಡೆ ಎಡಗೈ ಅಂದರೆ ಬರೀ ಕೈಯಲ್ಲ. ಅದು ಉಣ್ಣಬಾರದ ಕೈ, ಕೊಡಬಾರದ ಕೈ, ಕೊನೆಗೆ ಜಾತಿಯೊಂದರ ಹೆಸರೇ ಆಗಿಬಿಟ್ಟ ಕೈ. ಕೇರಿಯ ಭಜನೆಯಲ್ಲಿ ನಮ್ಮಪ್ಪ ಹಾರ್ಮೋನಿಯಂ ಹಿಡಿದು ಕೂತಾಗ ನಾನು ನೋಡ್ತಾ ಇದ್ದದ್ದು ಅವನ ಎಡಗೈಯನ್ನೇ. ಬಲಗೈ ಹಾಡ್ತಿತ್ತು, ಎಡಗೈ ತಿದಿ ಒತ್ತುತ್ತಿತ್ತು. ಜನ ತಲೆದೂಗುತ್ತಿದ್ದದ್ದು ಬಲಗೈಗೆ. ಬೆಳಗಿನ ಜಾವದ ಹೊತ್ತಿಗೆ ಎಡತೋಳು ಬಿದ್ದುಹೋಗುವಷ್ಟು ನೋಯುತ್ತಿದ್ದದ್ದು ಅಪ್ಪನಿಗೆ ಮಾತ್ರ ಗೊತ್ತು.

ಈ ಹಾರ್ಮೋನಿಯಮ್ಮಿನ ದಾಯಾದಿ ಅಕಾರ್ಡಿಯನ್. ಅಲ್ಲೂ ತಿದಿ ಎಳೆಯುವ ಕೂಲಿ ಎಡಗೈಯದೇ. ಜೊತೆಗೆ ಗುಂಡಿ ಒತ್ತುವ ಕೆಲಸವೂ ಅದರ ಪಾಲಿಗೇ ಬಂದಿದೆ. ಆ ಗುಂಡಿಗಳಲ್ಲಿ ಜಾಝ್ ನುಡಿಸಿದವರ ಕತೆ ನನ್ನನ್ನು ಹಿಡಿದು ಕೂರಿಸಿತು.

1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಎಂಬ ಅರ್ಮೇನಿಯನ್ ಮೂಲದ ಆರ್ಗನ್ ತಯಾರಕ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ಒಂದು ಕೀಲಿ ಒತ್ತಿದರೆ ಮೂರು ನಾಲ್ಕು ಸ್ವರ ಒಟ್ಟಿಗೆ ಹೊರಡಬೇಕು, ಅಂದರೆ 'ಕಾರ್ಡ್' ಸಿದ್ಧವಾಗಿ ಸಿಗಬೇಕು, ಇದೇ ಅದರ ವಿಶೇಷ. ಹೆಸರು ಬಂದದ್ದೂ ಅದರಿಂದಲೇ. ಪಿಯಾನೋ ಇಡೋಕೆ ಹಜಾರ ಬೇಕು, ಕಲಿಯೋಕೆ ಮೇಷ್ಟ್ರು ಬೇಕು. ಇದಕ್ಕೆ ಹೆಗಲೊಂದಿದ್ದರೆ ಸಾಕು. ಹಡಗಿನವರು, ಗಣಿಯವರು, ಊರು ಬಿಟ್ಟು ಹೊಟ್ಟೆಪಾಡಿಗೆ ಹೊರಟವರು ಇದನ್ನು ಬೆನ್ನಿಗೆ ಹಾಕಿಕೊಂಡು ಲೋಕವೆಲ್ಲ ತಿರುಗಿದರು. ಹಾಗಾಗಿಯೇ ಶಿಷ್ಟರು ಮೂಗು ಮುರಿದದ್ದು.

ಎಡಗೈಯ ಇವತ್ತಿನ ಏರ್ಪಾಟು ಬೆಳೆದದ್ದು ಇಟಲಿಯಲ್ಲಿ. ಸ್ಟ್ರಾಡೆಲ್ಲಾ ಎಂಬ ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ದೊಡ್ಡ ವಾದ್ಯದಲ್ಲಿ ಆರು ಸಾಲು, ಸಾಲಿಗೆ 20 ಗುಂಡಿ, ಒಟ್ಟು 120. ಎರಡು ಸಾಲು ಒಂಟಿ ಬಾಸ್ ಸ್ವರಗಳಿಗೆ, ಉಳಿದ ನಾಲ್ಕು ಸಾಲು ಮೇಜರ್, ಮೈನರ್, ಸೆವೆಂತ್, ಡಿಮಿನಿಶ್ಡ್ ಕಾರ್ಡುಗಳಿಗೆ. ಸಾಲಿನ ಉದ್ದಕ್ಕೂ ಪ್ರತಿ ಗುಂಡಿಯ ಪಕ್ಕ ಅದರ ಪಂಚಮದ ಗುಂಡಿ. ಕಾರ್ಡಿನ ಗುಂಡಿ ಒತ್ತಿದರೆ ಒಳಗಿನ ಸನ್ನೆಕಡ್ಡಿಗಳು ಮೂರು ಸ್ವರಗಳ ಬಾಯನ್ನು ಒಟ್ಟಿಗೆ ತೆರೀತವೆ. ಯಾವ ಸ್ವರ ಮೇಲಿರಬೇಕು, ಯಾವುದು ಕೆಳಗಿರಬೇಕು ಅಂತ ನುಡಿಸುವವನು ಹೇಳೋ ಹಾಗಿಲ್ಲ. ವಾಲ್ಟ್ಝ್, ಪೋಲ್ಕಾ, ಮಾರ್ಚ್‌ಗೆ ಇಷ್ಟು ಸಾಕು, ಎಡಗೈ ಯೋಚನೆ ಮಾಡಬೇಕಿಲ್ಲ, ಯೋಚನೆಯನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸಿದ್ದೇವೆ ಅನ್ನೋ ಲೆಕ್ಕ.

ಇಲ್ಲೊಂದು ತಮಾಷೆ ಇದೆ. ಸೆವೆಂತ್ ಕಾರ್ಡಿಗೆ ನ್ಯಾಯವಾಗಿ ನಾಲ್ಕು ಸ್ವರ: ಸ, ಗ, ಪ, ಕೋಮಲ ನಿ. ಇಂದಿನ ಬಹುತೇಕ ವಾದ್ಯಗಳ ಗುಂಡಿಯಲ್ಲಿ ಮೂರಕ್ಕೇ ಜಾಗ. ಹೊರಗೆ ಹಾಕಿದ್ದು ಯಾರನ್ನ? ಪಂಚಮನನ್ನ! ಇದು ಕಿವಿಯ ಲೆಕ್ಕಾಚಾರ, ಜಾತಿಯದಲ್ಲ. ಪ ಇಲ್ಲದಿದ್ದರೂ ಕಾರ್ಡಿನ ಗುರುತು ಸಿಗುತ್ತದೆ. ಆದರೂ ಊರಾಚೆ ಬೆಳೆದ ನಾನು ಇದನ್ನು ಓದಿದಾಗ ನಗು ತಡೆಯಲಿಲ್ಲ.

ಜಾಝ್‌ಗೆ ಮೂರು ಸ್ವರ ಸಾಲದು. ಗುಲಾಮರ ಮೊಮ್ಮಕ್ಕಳು ಅಮೆರಿಕದಲ್ಲಿ ಕಟ್ಟಿದ ಆ ಸಂಗೀತಕ್ಕೆ ನಾಲ್ಕು ಐದು ಸ್ವರದ, ಒಂದಕ್ಕೊಂದು ತಿಕ್ಕಾಡುವ ಕಾರ್ಡುಗಳು ಬೇಕು. ಅಂಥ ಗುಂಡಿ 120ರಲ್ಲಿ ಹುಡುಕಿದರೂ ಇಲ್ಲ. ಆಗ ವಾದಕರು ಮಾಡಿದ್ದೇನು? ಒಂದು ಕಾರ್ಡಿನ ಗುಂಡಿಯ ಜೊತೆಗೆ ಇನ್ನೊಂದು ಕಾರ್ಡಿನ ಗುಂಡಿ ಒತ್ತಿದರು. ಸ ಸೆವೆಂತ್ ಒತ್ತಿ, ಜೊತೆಗೇ ಪಕ್ಕದ ಓಣಿಯ ಪ ಮೈನರ್ ಒತ್ತಿ ನೋಡಿ. ಮೊದಲಿನದರಲ್ಲಿ ಸ, ಗ, ಕೋಮಲ ನಿ. ಎರಡನೆಯದರಲ್ಲಿ ಪ, ಕೋಮಲ ನಿ, ರಿ. ಎರಡೂ ಕೂಡಿದರೆ ಜಾಝ್‌ನವರ ನೈನ್ತ್ ಕಾರ್ಡ್. ಹೊರಗಿದ್ದ ಪಂಚಮ ಒಳಗೆ ಬಂದ, ಬರುವಾಗ ರಿಷಭವನ್ನೂ ಕೈ ಹಿಡಿದು ಕರಕೊಂಡು ಬಂದ! ಹಾಗೇ ಧ ಬಾಸಿನ ಮೇಲೆ ಸ ಮೇಜರ್ ಇಟ್ಟರೆ ಮೈನರ್ ಸೆವೆಂತ್. ಸ ಬಾಸಿನ ಮೇಲೆ ಗ ಮೈನರ್ ಇಟ್ಟರೆ ಮೇಜರ್ ಸೆವೆಂತ್, ಆದರೆ ಆ ಗುಂಡಿ ನಾಲ್ಕು ಓಣಿ ಆಚೆ. ಬೆರಳು ಚಾಚಬೇಕು, ಮಣಿಕಟ್ಟಿಗೆ ಬಿಗಿದ ಪಟ್ಟಿ ಬಿಡೋದಿಲ್ಲ, ತಿದಿ ನಿಲ್ಲೋ ಹಾಗಿಲ್ಲ.

ಇಷ್ಟೆಲ್ಲ ಕಣ್ಣಿಗೆ ಕಾಣದೆ ನಡೆಯುವ ಕೆಲಸ. ಎಡಗೈ ಗುಂಡಿಗಳು ನುಡಿಸುವವನಿಗೆ ಕಾಣೋದಿಲ್ಲ. ಸಿ ಗುಂಡಿಯ ಮೇಲೊಂದು ಕುಳಿ ಇರುತ್ತೆ, ಬೆರಳು ಅದನ್ನು ತಡವಿ ದಾರಿ ಹಿಡೀಬೇಕು. ಕಣ್ಣಿದ್ದವರೂ ಇಲ್ಲದವರೂ ಇಲ್ಲಿ ಒಂದೇ. ಲಂಡನ್ನಿನಲ್ಲಿ ಕಲ್ಲಿದ್ದಲು ಹೊರುವವನ ಮಗನಾಗಿ 1919ರಲ್ಲಿ ಹುಟ್ಟುಗುರುಡನಾಗಿ ಬಂದ ಜಾರ್ಜ್ ಶಿಯರಿಂಗ್ ಪಿಯಾನೋಗೆ ಪ್ರಸಿದ್ಧ, ಅವನು ಅಕಾರ್ಡಿಯನ್ನೂ ನುಡಿಸುತ್ತಿದ್ದ. ಅಮೆರಿಕದ ಜೋ ಮೂನಿ ಕುರುಡ. 1957ರ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಅಕಾರ್ಡಿಯನ್ ಹಿಡಿದು ನಿಂತ ಲಿಯಾನ್ ಸ್ಯಾಶ್ ಕುರುಡ.

ಅವರಿಗಿಂತ ಮೊದಲೇ, 1920ರ ದಶಕದ ಕೊನೆಗೆ, ಕಾನ್ಸಾಸ್ ಸಿಟಿಯ ಬೆನ್ನಿ ಮೋಟನ್ ಎಂಬ ಕಪ್ಪು ಮೇಳಗಾರನ ತಂಡದಲ್ಲಿ ಬಸ್ಟರ್ ಮೋಟನ್ ಅಕಾರ್ಡಿಯನ್ ನುಡಿಸುತ್ತಿದ್ದ. ಜಾಝ್ ಚರಿತ್ರೆ ಬರೆದವರು ಆ ತಂಡದ ತುತ್ತೂರಿಗಳನ್ನು ಹೊಗಳ್ತಾರೆ, ಕೌಂಟ್ ಬೇಸಿಯ ಪಿಯಾನೋ ಹೊಗಳ್ತಾರೆ. ಅಕಾರ್ಡಿಯನ್ ವಿಷಯಕ್ಕೆ ಬಂದಾಗ ನಾಚಿಕೆಯಿಂದ ಒಂದು ಸಾಲು ಬರೆದು ಮುಂದೆ ಹೋಗ್ತಾರೆ.

ಪ್ಯಾರಿಸ್ಸಿನ ಕತೆ ಬೇರೆ. ರೂ ದ ಲಾಪ್ ಬೀದಿಯ ಕುಣಿತದ ಮನೆಗಳಲ್ಲಿ ಒವೆರ್ನ್ ಸೀಮೆಯ ಬಡ ವಲಸಿಗರೂ ಇಟಲಿಯ ವಲಸಿಗರೂ ಕೂಡಿ ಮ್ಯೂಸೆಟ್ ಎಂಬ ಸಂಗೀತ ಬೆಳೆಸಿದರು. ಅಲ್ಲಿ ಎಡಗೈಯ ಕೆಲಸವನ್ನು ಎಷ್ಟೋ ಸಲ ಪಕ್ಕದಲ್ಲಿ ಕೂತ ಬ್ಯಾಂಜೋದವನೇ ಹೊರುತ್ತಿದ್ದ. 1928ರಲ್ಲಿ ಝಾನ್ ವೆಸಾಡ್ ಎಂಬ ಅಕಾರ್ಡಿಯನ್‌ಗಾರನ ರೆಕಾರ್ಡಿಗೆ ಹಾಗೆ ಬ್ಯಾಂಜೋ ಬಾರಿಸಲು ಬಂದವನು ಗಾಡಿಯಲ್ಲೇ ಹುಟ್ಟಿ ಬೆಳೆದ, ಯುರೋಪೆಲ್ಲ ಅಸ್ಪೃಶ್ಯರಂತೆ ಕಂಡ ರೋಮಾ ಜನಾಂಗದ ಹದಿನೆಂಟರ ಹುಡುಗ. ಅವನಿಗೆ ಓದು ಬರಹ ಬಾರದು. ತಟ್ಟೆಯ ಮೇಲೆ ಅವನ ಹೆಸರನ್ನು 'ಜಿಯಾಂಗೋ ರೆನಾರ್ಡ್' ಅಂತ ತಪ್ಪಾಗಿ ಅಚ್ಚು ಹಾಕಿದರು. ಅವನೇ ಜ್ಯಾಂಗೋ ರೈನ್‌ಹಾರ್ಟ್. ಅದೇ ವರ್ಷದ ಕೊನೆಗೆ ಗಾಡಿಗೆ ಬೆಂಕಿ ಬಿದ್ದು ಅವನ ಎಡಗೈಯ ಎರಡು ಬೆರಳು ಸುಟ್ಟು ಮುದುಡಿದವು. ಉಳಿದೆರಡು ಬೆರಳಿಗೆ ಅವನು ಹೊಸ ದಾರಿ ಕಲಿಸಿ ಗಿಟಾರ್ ಹಿಡಿದ. ಆ ಗಿಟಾರಿನ ಗುಂಗು ಅಕಾರ್ಡಿಯನ್ನಿಗೂ ಹತ್ತಿತು. 1930ರ ದಶಕ ಮುಗಿಯೋ ಹೊತ್ತಿಗೆ ಗಸ್ ವಿಸ್ಯೂರ್, ಟೋನಿ ಮುರೇನಾ ಮುಂತಾದವರು ಸ್ವಿಂಗ್ ನುಡಿಸುತ್ತಿದ್ದರು.

ಆಮೇಲೆ ಮೇಳಗಳು ದೊಡ್ಡವಾದವು. ಆರ್ಟ್ ವಾನ್ ಡ್ಯಾಮ್ 1945ರಿಂದ 1960ರವರೆಗೆ ಶಿಕಾಗೋದ ಎನ್‌ಬಿಸಿಯಲ್ಲಿ ಕೆಲಸ ಮಾಡಿದ. ಅವನ ಬಲಗೈಯ ಓಟ ಕೇಳಬೇಕು! ಆದರೆ ಬಾಸಿನವನು, ಗಿಟಾರಿನವನು ಪಕ್ಕದಲ್ಲಿದ್ದ ಮೇಲೆ ಇಂಥ ಮೇಳಗಳಲ್ಲಿ ಎಡಗೈಗೆ ಹೆಚ್ಚಿನ ಕೆಲಸವಿಲ್ಲ. ಅದು ಮತ್ತೆ ತಿದಿ ಎಳೆಯುವ ಕೂಲಿಗೆ ಇಳಿಯಿತು. ಇತ್ತ ಸಂಗೀತ ಶಾಲೆಗಳು ಒಂದೊಂದೇ ಸ್ವರ ನುಡಿಯುವ 'ಫ್ರೀ ಬಾಸ್' ವಾದ್ಯ ತಂದವು. ಒಳ್ಳೆಯದೇ, ಆದರೆ ದುಬಾರಿ. ಕೈಲಾಗದವರಿಗೆ ಎರಡು ಗುಂಡಿ ಕೂಡಿಸುವ ಹಳೇ ಜಾಣ್ಮೆಯೇ ಗತಿ.

ಈ ದನಿ ನಮಗೆ ದೂರದ್ದಲ್ಲ. 1969ರ 'ಆರಾಧನಾ' ಚಿತ್ರದ 'ರೂಪ್ ತೇರಾ ಮಸ್ತಾನಾ' ಹಾಡಿನಲ್ಲಿ ಅಕಾರ್ಡಿಯನ್ ನುಡಿಸಿದವರು ಕೆರ್ಸಿ ಲಾರ್ಡ್. ಅವರ ತಂದೆ ಜಾಝ್ ಮೇಳಗಳಲ್ಲಿ ಡ್ರಮ್ ಬಾರಿಸಿದವರು. ಬೊಂಬಾಯಿಯ ಸಿನಿಮಾ ಮೇಳಗಳಿಗೆ ಕಾರ್ಡು ಬರೆದುಕೊಟ್ಟ ಗೋವಾದವರ ಹೆಸರು ಎಷ್ಟೋ ಸಲ ಪರದೆಯ ಮೇಲೆ ಬರಲೇ ಇಲ್ಲ.

ನಾನು ಅಕಾರ್ಡಿಯನ್ ಮುಟ್ಟಿದ್ದು ಒಂದೇ ಸಲ. ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಮುಗಿದು ಸಾಮಾನು ಕಟ್ಟುತ್ತಿದ್ದ ಮುದುಕನೊಬ್ಬ "ತಗೋ ನೋಡು" ಅಂತ ನನ್ನ ಹೆಗಲಿಗೆ ಹಾಕಿದ. ಕುಳಿ ಇರೋ ಗುಂಡಿ ಹುಡುಕೋಕೇ ಐದು ನಿಮಿಷ ಬೇಕಾಯ್ತು. ಅಲ್ಲಿಂದ ತಡವಿಕೊಂಡು ಹೋಗಿ ಎರಡು ಕಾರ್ಡು ಒಟ್ಟಿಗೆ ಒತ್ತಿದೆ. ಏನೋ ಒಂದು ಹೊರಟಿತು, ದಪ್ಪನಾಗಿ, ಸ್ವಲ್ಪ ಹುಳಿಯಾಗಿ. "ಎರಡು ಒತ್ತಿದ್ರೆ ಗಾಳಿ ಬ್ಯಾಗ ಮುಗೀತದೆ ಕಣಪ್ಪ, ತೋಳಲ್ಲಿ ಜೋರು ಎಳೀಬೇಕು" ಅಂದ ಮುದುಕ. ಎಳೆದೆ. ಮಾರನೇ ದಿನವೂ ಎಡತೋಳು ನೋಯುತ್ತಿತ್ತು.